ಮಕ್ಕಳ ಮನಸ್ಸು ನೋಡಿಕೊಳ್ಳಿ ಅಂತಾರೆ, ಮೇಡಂ ಮನಸ್ಸು ನೋಡೋರು ಯಾರು?

ಶಿವಮೊಗ್ಗದ ರಾಗಿಗುಡ್ಡದಲ್ಲಿ ನಮಗೆ ಪರಿಚಯದ ಒಂದು ಮನೆಯಿದೆ. ಕರಾವಳಿಯಿಂದ ಘಟ್ಟ ಹತ್ತಿ ಬಂದು ಎರಡು ತಲೆಮಾರು ಕಳೆದ ಬ್ಯಾರಿ ಕುಟುಂಬ. ಆ ಮನೆಯ ಮಗಳು ಭದ್ರಾವತಿ ಕಡೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ‘ಅತಿಥಿ’. ಹನ್ನೊಂದು ವರ್ಷ ಒಂದೇ ಮನೆಗೆ ಬರುವವರನ್ನು ನಮ್ಮ ಕಡೆ ಅತಿಥಿ ಅಂತ ಯಾರೂ ಕರೆಯೋದಿಲ್ಲ, ಆ ಮಾತು ಬೇರೆ.

ಕಳೆದ ತಿಂಗಳು ಹೋದಾಗ ಆಕೆಗೆ ಸ್ವರವೇ ಇರಲಿಲ್ಲ. ಉಪ್ಪುನೀರಿನ ಲೋಟ ಹಿಡಿದುಕೊಂಡು ಕೂತಿದ್ದರು. ಎಂಬತ್ತು ಮಕ್ಕಳ ತರಗತಿ, ಮೈಕ್ ಇಲ್ಲ, ಕಿಟಕಿಯ ಹೊರಗೆ ರಸ್ತೆ. ದಿನಕ್ಕೆ ಮೂರು ಪಾಠ ಆದರೆ ನಾಲ್ಕನೆಯದಕ್ಕೆ ಗಂಟಲಿನಿಂದ ಬರೀ ಗಾಳಿ. ಡಾಕ್ಟರು ಒಂದು ವಾರ ಮಾತಾಡಲೇಬೇಡಿ ಅಂದಿದ್ದಾರೆ. “ಒಂದು ವಾರ ರಜೆ ಹಾಕಿದರೆ ಬರುವ ವರ್ಷ ಪಟ್ಟಿಯಲ್ಲಿ ಹೆಸರಿರುತ್ತೋ ಇಲ್ವೋ” ಅಂತ ಪಿಸುಗುಟ್ಟಿದರು. ಆಮೇಲೆ ಹೇಳಿದ್ದು ಇನ್ನೊಂದು ಸಂಗತಿ. ಬೇಸಿಗೆ ಹತ್ತಿರ ಬಂದ ಹಾಗೆ ರಾತ್ರಿ ನಿದ್ದೆ ಬರೋದಿಲ್ಲ. ಎದೆ ಹೊಡೆದುಕೊಳ್ಳುತ್ತೆ. ಮೂರು ವರ್ಷದಿಂದ ಹೀಗೇ.

ಇದೇ ಕಾಲೇಜಿನಲ್ಲಿ ಅಧ್ಯಾಪಕರಿಗೆ ಒಂದು ದಿನದ ತರಬೇತಿ ನಡೆದಿತ್ತಂತೆ. ಮಕ್ಕಳು ಮಂಕಾಗಿದ್ದರೆ ಗುರುತಿಸುವುದು ಹೇಗೆ, ಮಾತಾಡಿಸುವುದು ಹೇಗೆ, ಯಾವಾಗ ಸಹಾಯವಾಣಿಗೆ ಫೋನ್ ಮಾಡಿಸಬೇಕು ಎಂದೆಲ್ಲ. “ನಿದ್ದೆ ಇಲ್ಲ, ಊಟ ಸೇರೋದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂತ ಬೋರ್ಡಿನ ಮೇಲೆ ಒಂದೊಂದೇ ಬರೆಯುತ್ತಾ ಹೋದರು. ಎಲ್ಲ ನನ್ನದೇ. ಈ ನಂಬರಿಗೆ ನಾವೂ ಫೋನ್ ಮಾಡಬಹುದಾ ಅಂತ ಕೇಳೋಕೆ ನಾಚಿಕೆ ಆಯ್ತು.”

ನಾವು ಈ ವಾರ ಬರೆಯಲು ಕೂತದ್ದು ಆ ನಾಚಿಕೆಯ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದನ್ನು ಹುಟ್ಟಿಸಿದ ಏರ್ಪಾಡಿನ ಬಗ್ಗೆ.

ಆ ತರಬೇತಿ ಸುಮ್ಮನೆ ನಡೆದದ್ದಲ್ಲ. ವಿಶಾಖಪಟ್ಟಣದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ 15 ಮಾರ್ಗಸೂಚಿಗಳನ್ನು ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಬೇಕು. ಬೋಧಕ ಮತ್ತು ಬೋಧಕೇತರ ಸಿಬ್ಬಂದಿ ಎಲ್ಲರಿಗೂ ವರ್ಷಕ್ಕೆ ಎರಡು ಬಾರಿಯಾದರೂ ಮಾನಸಿಕ ಪ್ರಥಮ ಚಿಕಿತ್ಸೆಯ ತರಬೇತಿ ಆಗಬೇಕು. ಅದೇ ವರ್ಷದ ಮಾರ್ಚ್‌ನಲ್ಲಿ ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಗೆ ನಿವೃತ್ತ ನ್ಯಾಯಮೂರ್ತಿ ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆಯೂ ಆಯಿತು. ಎಲ್ಲ ಬೇಕಾದದ್ದೇ, ತಡವಾಗಿ ಬಂದದ್ದು. ಮಕ್ಕಳನ್ನು ಕಳೆದುಕೊಂಡ ಮನೆಗಳನ್ನು ನಾವೂ ನೋಡಿದ್ದೇವೆ.

ಆದರೆ ಈ ಇಡೀ ಏರ್ಪಾಡಿನಲ್ಲಿ ಸಿಬ್ಬಂದಿಗೆ ಇರುವುದು ಕೇಳಿಸಿಕೊಳ್ಳುವ ಪಾತ್ರ ಮಾತ್ರ. ಮೇಡಂ, ಸರ್, ಹಾಸ್ಟೆಲ್ ವಾರ್ಡನ್, ಲೈಬ್ರರಿಯವರು, ಕಚೇರಿಯ ಗುಮಾಸ್ತ, ಗೇಟಿನ ಸೆಕ್ಯುರಿಟಿ ಎಲ್ಲರೂ ಮಕ್ಕಳ ಕಷ್ಟಕ್ಕೆ ಕಿವಿ ಕೊಡಬೇಕು. ಅವರ ಕಷ್ಟಕ್ಕೆ ಕಿವಿ ಯಾರದ್ದು?

ಶಿವಮೊಗ್ಗದಿಂದ ಬಿಆರ್‌ಪಿ ಬಸ್ ಹತ್ತಿದರೆ ದಾರಿಯಲ್ಲಿ ಭದ್ರಾವತಿ, ಅದು ದಾಟಿದರೆ ಶಂಕರಘಟ್ಟ. 1987ರಲ್ಲಿ ಹುಟ್ಟಿದ ಕುವೆಂಪು ವಿವಿ ಅಲ್ಲಿದೆ. ಒಂದೇ ಬಸ್ಸಿನ ದಾರಿಯಲ್ಲಿ ಎರಡು ಲೋಕ. ಭದ್ರಾವತಿಯಲ್ಲಿ 1918ರ ಸುಮಾರಿಗೆ ಶುರುವಾದ ಕಬ್ಬಿಣದ ಕಾರ್ಖಾನೆ, ನಮ್ಮ ಬಾಯಲ್ಲಿ ವಿಐಎಸ್‌ಎಲ್. ಅಲ್ಲಿನ ಕಾರ್ಮಿಕರಿಗೆ ಕಂಪೆನಿಯದೇ ಆಸ್ಪತ್ರೆ ಇತ್ತು. 1948ರ ಕಾರ್ಖಾನೆ ಕಾಯ್ದೆ ಪ್ರಕಾರ 500ಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಒಳಗೇ ಆಂಬುಲೆನ್ಸ್ ಕೊಠಡಿ ಇಡಬೇಕಿತ್ತು. ಕುಲುಮೆಯ ಬಿಸಿ, ಧೂಳು, ಸದ್ದು ಮನುಷ್ಯನಿಗೆ ಏನು ಮಾಡುತ್ತದೆ ಎಂದು ಲೆಕ್ಕ ಇಡುವ ಅಭ್ಯಾಸವಾದರೂ ಇತ್ತು. ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಸೈಲ್ 2023ರ ಜನವರಿಯಲ್ಲಿ ಪ್ರಕಟಿಸಿದಾಗ ಊರೇ ಬೀದಿಗೆ ಬಂತು. ಯಾಕೆಂದರೆ ಕೆಲಸ ಎಂದರೆ ಸಂಬಳ ಮಾತ್ರ ಅಲ್ಲ, ಆಸ್ಪತ್ರೆ, ಶಾಲೆ, ಕ್ವಾರ್ಟರ್ಸ್ ಎಲ್ಲ ಸೇರಿದ್ದು ಎಂದು ಆ ಊರಿಗೆ ಗೊತ್ತಿತ್ತು.

ಪಾಠ ಹೇಳುವ ಕೆಲಸಕ್ಕೆ ಹಾಗೊಂದು ಲೆಕ್ಕ ಬರಲೇ ಇಲ್ಲ. ಅದಕ್ಕೊಂದು ಕಾನೂನಿನ ಕಾರಣವೂ ಇದೆ. 1988ರಲ್ಲಿ ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲ ಎಂದು ಹೇಳಿತು. ಬೋಧನೆ ಉದಾತ್ತ ವೃತ್ತಿ, ಅದನ್ನು ಗುಮಾಸ್ತಿಕೆ ಅಥವಾ ಮೈಕೈ ಕೆಲಸದ ಸಾಲಿಗೆ ಸೇರಿಸಲಾಗದು ಎಂಬ ವಾದ. ಗೌರವದ ಮಾತೇ ಸರಿ. ಆದರೆ ಗೌರವದ ಹೆಸರಲ್ಲಿ ರಕ್ಷಣೆ ಹೊರಗೆ ಉಳಿಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಉಚಿತ ವಾರ್ಷಿಕ ಆರೋಗ್ಯ ತಪಾಸಣೆಯ ಮಾತಿದೆ. ಆದರೆ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ಸರಕಾರಿ ಕಚೇರಿಗಳಿಗೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿದೆ. ಅಲ್ಲಿ ಗುತ್ತಿಗೆದಾರರ ಮೂಲಕ ದುಡಿಯುವವರಿಗೆ ಮಾತ್ರ ಅನ್ವಯಿಸುತ್ತದೆ.

ಈಗ ರಾಗಿಗುಡ್ಡದ ಮನೆಯ ನಿದ್ದೆಯ ವಿಷಯಕ್ಕೆ ಬರೋಣ. ಅದು ಯಾಕೆ ಬೇಸಿಗೆಯಲ್ಲೇ ಹೋಗುತ್ತದೆ? ಅತಿಥಿ ಉಪನ್ಯಾಸಕರ ನೇಮಕ ಆ ಶೈಕ್ಷಣಿಕ ವರ್ಷಕ್ಕೆ ಮಾತ್ರ. ಪರೀಕ್ಷೆ ಮುಗಿದರೆ ಕೆಲಸವೂ ಮುಗಿಯಿತು. ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ಮತ್ತೆ ಪಟ್ಟಿ. ಮಧ್ಯೆ ಸಂಬಳವಿಲ್ಲ. 2022ರ ಜನವರಿಯಲ್ಲಿ ಸರಕಾರ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು 11 ಮತ್ತು 13 ಸಾವಿರದಿಂದ ಏರಿಸಿ, ಅರ್ಹತೆ ಮತ್ತು ಅನುಭವ ನೋಡಿ 26ರಿಂದ 32 ಸಾವಿರದವರೆಗೆ ಮಾಡಿತು. ಎಲ್ಲರೂ ಸಂತೋಷಪಟ್ಟರು. ಆದರೆ ಅದರ ಜೊತೆಗೇ ವಾರಕ್ಕೆ 8-10 ಗಂಟೆ ಇದ್ದ ಪಾಠವನ್ನು 15 ಗಂಟೆ ಮಾಡಿದರು. ಅಂದರೆ ಇಬ್ಬರಿಗೆ ಹಂಚಿದ್ದ ತರಗತಿ ಒಬ್ಬರ ಕೈಗೆ ಬಂತು, ಇನ್ನೊಬ್ಬರು ಮನೆಗೆ ಹೋದರು. ಉಳಿದವರಿಗೂ ನೆಮ್ಮದಿ ಇಲ್ಲ, ಪಕ್ಕದ ಕುರ್ಚಿ ಖಾಲಿಯಾದದ್ದನ್ನು ಅವರು ಕಣ್ಣಾರೆ ಕಂಡವರು.

ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿಯ 2018ರ ನಿಯಮದಲ್ಲಿ ವಾರಕ್ಕೆ 16 ಗಂಟೆ ಪಾಠ. ಅವರ ಮೂಲವೇತನ ಶುರುವಾಗುವುದೇ 57,700 ರೂಪಾಯಿಯಿಂದ. ಪಾಠದ ವ್ಯತ್ಯಾಸ ವಾರಕ್ಕೆ ಒಂದು ಗಂಟೆ, ಸಂಬಳದ್ದು ಹೆಚ್ಚುಕಡಿಮೆ ಅರ್ಧಕ್ಕರ್ಧ. ಸ್ಟಾಫ್ ರೂಮಿನಲ್ಲಿ ಒಂದೇ ಮೇಜಿನ ಆಚೆ ಈಚೆ ಕೂರುವ ಇಬ್ಬರ ಮಧ್ಯೆ ಈ ಲೆಕ್ಕ ಪ್ರತಿದಿನ ಇರುತ್ತದೆ. ಯಾರೂ ಬಾಯಿಬಿಟ್ಟು ಹೇಳೋದಿಲ್ಲ, ಅಷ್ಟೇ.

2023ರ ನವೆಂಬರ್‌ನಲ್ಲಿ ಅವರು ತರಗತಿ ಬಹಿಷ್ಕರಿಸಿದರು. ತುಮಕೂರಿನಿಂದ ಬೆಂಗಳೂರಿಗೆ ನಡೆದುಕೊಂಡೂ ಹೋದರು. ಕಾಯಮಾತಿ ಸಿಗಲಿಲ್ಲ. ಸಿಕ್ಕಿದ್ದು ಅನುಭವದ ಮೇಲೆ 5ರಿಂದ 8 ಸಾವಿರ ಏರಿಕೆ, ತಿಂಗಳಿಗೊಂದು ವೇತನಸಹಿತ ರಜೆ, 5 ಲಕ್ಷದ ಆರೋಗ್ಯ ವಿಮೆ, ವಯಸ್ಸಾದಾಗ ಇಡಿಗಂಟಿನ ಭರವಸೆ. ಈಗ ನೆಟ್, ಕೆ-ಸೆಟ್, ಪಿಎಚ್‌ಡಿ ಇಲ್ಲದವರು ಮುಂದುವರಿಯಬಹುದೇ ಎಂಬ ಪ್ರಶ್ನೆ ಕೋರ್ಟ್ ಮೆಟ್ಟಿಲು ಹತ್ತಿದೆ. ಹದಿನೈದು ವರ್ಷ ಪಾಠ ಮಾಡಿದವರು ನಲವತ್ತೈದನೇ ವಯಸ್ಸಿನಲ್ಲಿ ಪರೀಕ್ಷೆಗೆ ಓದುತ್ತಿದ್ದಾರೆ, ಕೆಲವೊಮ್ಮೆ ತಮ್ಮ ಶಿಷ್ಯರ ಪಕ್ಕದ ಬೆಂಚಿನಲ್ಲಿ.

ವಿಮೆ ಬಂತಲ್ಲ ಎನ್ನಬಹುದು. ಅಲ್ಲಿ ಒಂದು ಸಂಗತಿ ನಮ್ಮವರಿಗೆ ಗೊತ್ತಿರಬೇಕು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು. ಇದು ಹಕ್ಕು. ಆದರೆ ನಮ್ಮಲ್ಲಿನ ವಿಮೆಗಳು ಸಾಮಾನ್ಯವಾಗಿ ಹಣ ಕೊಡುವುದು ಆಸ್ಪತ್ರೆಯಲ್ಲಿ ದಾಖಲಾದರೆ. ನಿದ್ದೆ ಬಾರದವರಿಗೆ ಬೇಕಾದದ್ದು ಮಂಚ ಅಲ್ಲ, ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂತು ಕೇಳುವ ಒಬ್ಬ ಮನುಷ್ಯ. ಅದರ ಫೀಸು ಕೈಯಿಂದಲೇ ಹೋಗುತ್ತದೆ.

ಕಾಯಂ ನೌಕರರೆಲ್ಲ ಸುಖವಾಗಿದ್ದಾರೆ ಅಂತಲೂ ಅಲ್ಲ. ನಾಲ್ಕೈದು ವರ್ಷದಲ್ಲಿ ಏನೇನಾಯಿತು ನೋಡಿ. 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಪದವಿ ಬಂತು, ಪ್ರವೇಶ, ಪರೀಕ್ಷೆ ಎಲ್ಲ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಯಿತು. 2024ರಲ್ಲಿ ನೀತಿ ಬದಲಾಗಿ ಮತ್ತೆ ಮೂರು ವರ್ಷದ ಪದವಿ. ಪಠ್ಯ ಬರೆದವರೇ ಮತ್ತೆ ಬರೆದರು. ಸರ್ವರ್ ನಿಂತರೆ ವಿದ್ಯಾರ್ಥಿ ಬೈಯುವುದು ಕೌಂಟರಿನಲ್ಲಿ ಕೂತ ಗುಮಾಸ್ತರಿಗೆ. ಫಲಿತಾಂಶ ತಡವಾದರೆ ಪೋಷಕರ ಸಿಟ್ಟು ಅವರ ಮೇಲೇ. ಇದರ ನಡುವೆ 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಹೊಸದಾಗಿ ಶುರುವಾದ 9 ವಿವಿಗಳನ್ನು ಮುಚ್ಚಬಹುದು ಎಂದಿತು. ಅಲ್ಲಿನವರು ತಾವು ಯಾರ ನೌಕರರು ಎಂದು ಹುಡುಕುವ ಸ್ಥಿತಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಅನ್ನು ಕಾಯಿಲೆ ಎಂದಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಗುರುತಿಸಿತು. ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಬರುವ ದಣಿವು ಅದು. ಈ ವ್ಯತ್ಯಾಸ ದೊಡ್ಡದು. ಕೆಲಸದಿಂದ ಬಂದದ್ದಾದರೆ ಸರಿಮಾಡಬೇಕಾದದ್ದು ಮೊದಲು ಕೆಲಸವನ್ನು. ಬ್ರಿಟನ್ನಿನಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡುವ ಸರಕಾರಿ ಸಂಸ್ಥೆ ಒತ್ತಡವನ್ನು ಆರು ಕಡೆಯಿಂದ ಅಳೆಯಿರಿ ಎನ್ನುತ್ತದೆ. ಕೆಲಸದ ಹೊರೆ, ಅದರ ಮೇಲೆ ನಮಗಿರುವ ಹಿಡಿತ, ಸಿಗುವ ಬೆಂಬಲ, ಜೊತೆಗಾರರ ಸಂಬಂಧ, ಪಾತ್ರದ ಸ್ಪಷ್ಟತೆ, ಬದಲಾವಣೆಯನ್ನು ತರುವ ರೀತಿ. ಅತಿಥಿ ಉಪನ್ಯಾಸಕಿಯನ್ನು ಈ ಆರರಲ್ಲಿ ಕೂರಿಸಿ ನೋಡಿ, ಒಂದರಲ್ಲೂ ಪಾಸಾಗುವುದು ಕಷ್ಟ.

ಅಲ್ಲಿನ ವಿವಿಗಳ ಔದ್ಯೋಗಿಕ ಆರೋಗ್ಯ ಘಟಕದ ಒಂದು ಪದ್ಧತಿ ನಮಗೆ ತುಂಬ ಹಿಡಿಸಿತು. ನೌಕರನನ್ನು ನೋಡಿದ ವೈದ್ಯರು ಮೇಲಧಿಕಾರಿಗೆ ತಿಳಿಸುವುದು ಈತ ಕೆಲಸಕ್ಕೆ ಯೋಗ್ಯನೇ, ಏನು ಬದಲಾವಣೆ ಬೇಕು ಎಂಬಷ್ಟನ್ನೇ. ಕಾಯಿಲೆ ಏನೆಂದು ನೌಕರನ ಒಪ್ಪಿಗೆಯಿಲ್ಲದೆ ಹೇಳುವಂತಿಲ್ಲ. ನಮ್ಮಲ್ಲಿ ಇಡೀ ವಿಷಯ ನಿಂತಿರುವುದೇ ಈ ಗುಟ್ಟಿನ ಮೇಲೆ. ವಿದ್ಯಾರ್ಥಿಗಳ ಆಪ್ತಸಮಾಲೋಚಕರ ಕೋಣೆ ಪ್ರಾಂಶುಪಾಲರ ಕೋಣೆಯ ಪಕ್ಕದಲ್ಲೇ ಇದ್ದರೆ, ನೇಮಕ ಪಟ್ಟಿಗೆ ಸಹಿ ಹಾಕುವವರ ಕಣ್ಣೆದುರೇ ಯಾರು ಆ ಬಾಗಿಲು ತಟ್ಟುತ್ತಾರೆ?

ಊರಿನಲ್ಲಿ ಚಿಕಿತ್ಸೆ ಇಲ್ಲ ಅಂತಲ್ಲ. ಶಿವಮೊಗ್ಗ ಈ ವಿಷಯದಲ್ಲಿ ಬೇರೆ ಊರುಗಳಿಗಿಂತ ಮುಂದೆ. 2016ರಲ್ಲಿ ತೀರಿಕೊಂಡ ಡಾ. ಅಶೋಕ ಪೈ ದಶಕಗಳ ಕಾಲ ಇಲ್ಲೇ ಕೂತು, ಬರೆದು, ಸಿನೆಮಾ ಮಾಡಿಸಿ, ಮನಸ್ಸಿನ ಕಾಯಿಲೆಯ ಮಾತನ್ನು ಮನೆಮನೆಗೆ ತಲುಪಿಸಿದವರು. ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಇಷ್ಟಿದ್ದೂ ಹೋಗುವುದಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಇತ್ತು. ಕಾಯಿಲೆಯಿಂದ ಕಾಯಿಲೆಗೆ ನೋಡಿದರೆ ಶೇ. 70ರಿಂದ 92ರವರೆಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ಗಂಟು. ಕುಟುಂಬದಲ್ಲೇ ಮೊದಲ ಬಾರಿಗೆ ಎಂ.ಎ. ಮಾಡಿದ ಹೆಣ್ಣುಮಗಳು, ‘ಲೆಕ್ಚರರ್’ ಎಂದು ಮದುವೆ ಮನೆಯಲ್ಲಿ ಹೆಮ್ಮೆಯಿಂದ ಪರಿಚಯಿಸುತ್ತಾರೆ. ಮೂರು ತಿಂಗಳಿಂದ ಗೌರವಧನ ಬಂದಿಲ್ಲ ಎಂದು ಆಕೆ ಯಾರಿಗೆ ಹೇಳುವುದು? ಡಾಕ್ಟರ ಹತ್ತಿರ ಹೋದಳು ಅಂದರೆ ತಂಗಿಯರ ಸಂಬಂಧ ಕೂಡೋದಿಲ್ಲ ಎಂಬ ಭಯ ಉಮ್ಮನಿಗೆ. ದೃಷ್ಟಿ ಆಗಿದೆ ಎಂದು ನೀರು ಓದಿಸಿಕೊಂಡು ಬರುತ್ತಾರೆ. ಓದಿಸಲಿ, ಬೇಡ ಅನ್ನೋದಿಲ್ಲ. ಮೆಗ್ಗಾನ್‌ಗೂ ಹೋಗಲಿ. ರಾಗಿಗುಡ್ಡದವರಿಗೆ ಇದರ ಮೇಲೊಂದು ಭಾರ ಕೂತಿದೆ. 2023ರ ಅಕ್ಟೋಬರ್ 1ರ ಗಲಾಟೆಯ ನಂತರ “ಮನೆ ಎಲ್ಲಿ?” ಎಂಬ ಪ್ರಶ್ನೆಗೆ ಉತ್ತರ ಕೊಡುವಾಗ ನಾಲಿಗೆ ಒಂದು ಕ್ಷಣ ತಡೆಯುತ್ತದೆ. ಸ್ಟಾಫ್ ರೂಮಿನಲ್ಲಿ ಯಾರೂ ಏನೂ ಅನ್ನದೇ ಇರಬಹುದು. ಅಂದುಬಿಟ್ಟರೆ ಎಂಬ ಎಚ್ಚರವೇ ಸುಸ್ತು ಮಾಡುತ್ತದೆ.

ವಿವಿಗಳ ಸಿಂಡಿಕೇಟ್‌ಗಳೂ ಕಾಲೇಜು ಶಿಕ್ಷಣ ಇಲಾಖೆಯೂ ಮನಸ್ಸು ಮಾಡಿದರೆ ಆಗಬಹುದಾದದ್ದು ಬಹಳ ಇದೆ, ಎಲ್ಲದಕ್ಕೂ ಕೋಟಿ ಬೇಕಿಲ್ಲ. ಮುಂದಿನ ವರ್ಷದ ಪಟ್ಟಿಯನ್ನು ಹಿಂದಿನ ವರ್ಷ ಮುಗಿಯುವ ಮೊದಲೇ ಪ್ರಕಟಿಸಿದರೆ ಎಷ್ಟೋ ಜನರ ನಿದ್ದೆ ವಾಪಸ್ ಬರುತ್ತದೆ, ಅದಕ್ಕೆ ಮಾತ್ರೆ ಬೇಡ. ದೊಡ್ಡ ತರಗತಿಗೆ ಒಂದು ಮೈಕ್. ಗೌರವಧನ ತಿಂಗಳಿನ ನಿಗದಿತ ದಿನ. ವರ್ಷಕ್ಕೊಮ್ಮೆ ತಪಾಸಣೆ, ಅದರಲ್ಲಿ ಗಂಟಲು, ಬೆನ್ನು, ಬಿಪಿ, ಸಕ್ಕರೆಯ ಜೊತೆ ನಿದ್ದೆಯನ್ನೂ ಕೇಳಬೇಕು. ಗೇಟಿನಲ್ಲಿ ರಾತ್ರಿಯಿಡೀ ನಿಲ್ಲುವ ಸೆಕ್ಯುರಿಟಿಯವರನ್ನೂ ಕೇಳಬೇಕು. ವಿದ್ಯಾರ್ಥಿಗಳಿಗಾಗಿ ನೇಮಿಸುವ ಆಪ್ತಸಮಾಲೋಚಕರ ಜೊತೆಗೆ ಸಿಬ್ಬಂದಿಗೆ ಬೇರೆಯೇ ಒಬ್ಬರು, ಕ್ಯಾಂಪಸ್‌ನ ಹೊರಗೆ ಕೂರುವವರು, ಆಡಳಿತಕ್ಕೆ ವರದಿ ಕೊಡದವರು ಬೇಕು.

ಅಲ್ಲಿಯವರೆಗೆ ಇರುವುದು 14416. ಕೇಂದ್ರ ಸರಕಾರದ ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಸಿಗುತ್ತದೆ, ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು, ಕಾಲೇಜಿನ ಹೆಸರು ಹೇಳಬೇಕಾಗಿಲ್ಲ. ಮೇಡಂಗಳೂ ಮಾಡಬಹುದು, ಸರ್‌ಗಳೂ ಮಾಡಬಹುದು. ರಾಗಿಗುಡ್ಡದ ಆ ಮನೆಗೆ ನಾವು ಮತ್ತೆ ಫೋನ್ ಮಾಡಿ ಇಷ್ಟನ್ನು ಹೇಳಿದೆವು. ಸ್ವರ ಸ್ವಲ್ಪ ಮರಳಿತ್ತು. “ನೋಡ್ತೇನೆ” ಅಂದರು. ಬರುವ ವರ್ಷದ ಪಟ್ಟಿ ಬಂತಾ ಎಂದು ಕೇಳಿದೆವು. ಇನ್ನೂ ಇಲ್ಲ.