ಯಾವ ಹಾಡಿಗೆ ಸಾರ್ ಈ ಟ್ರಂಪೆಟ್?

ಕಳೆದ ಕಾರ್ತಿಕದಲ್ಲಿ ಒಂದು ಸಂಜೆ. ಮಿಯಾಪುರದ ನಮ್ಮ ಅಪಾರ್ಟ್‌ಮೆಂಟ್ ಮುಂದೆ ಮದುವೆ ಮೆರವಣಿಗೆ ನಿಂತಿತ್ತು. ಮದುಮಗನ ಕುದುರೆಗೆ ನೀರು ಕುಡಿಸುತ್ತಿದ್ದರು, ಬ್ಯಾಂಡ್ ಮೇಳದವರು ಫುಟ್‌ಪಾತ್ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಾನು ಆಫೀಸಿನಿಂದ ಬಂದವನು ಟ್ರಂಪೆಟ್ ನುಡಿಸುವವರ ಪಕ್ಕ ಹೋಗಿ ನಿಂತೆ. ಅವರ ಕೈಯಲ್ಲಿದ್ದದ್ದು ಮೀರಠ್‌ನಲ್ಲಿ ತಯಾರಾದ ಹಳೆಯ ವಾದ್ಯ. ಗಂಟೆಯಾಕಾರದ ಬಾಯಿ ಎರಡು ಕಡೆ ನೆಗ್ಗಿತ್ತು, ಒಂದು ಕವಾಟಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಅದರಲ್ಲೇ ಮೂರು ಗಂಟೆಯಿಂದ ನುಡಿಸುತ್ತಿದ್ದರು.

ನಾನೂ ನುಡಿಸುತ್ತೇನೆ ಅಂತ ಹೇಳಿ, ಫೋನಿನಲ್ಲಿ ಒಂದು ಪಿಕೊಲೊ ಟ್ರಂಪೆಟ್‌ನ ಚಿತ್ರ ತೋರಿಸಿದೆ. ನಾಲ್ಕು ಕವಾಟದ, ಅಂಗೈ ಉದ್ದದ ಪುಟ್ಟ ವಾದ್ಯ. ಬೆಲೆ ಎರಡೂವರೆ ಲಕ್ಷದ ಮೇಲೆ, ಮುಂದಿನ ತಿಂಗಳು ತರಿಸುತ್ತಿದ್ದೇನೆ ಅಂದೆ. ಅವರು ಚಿತ್ರವನ್ನು ದೊಡ್ಡದು ಮಾಡಿ ನೋಡಿ ಕೇಳಿದರು: 'ದಾನಿತೋ ಏ ಪಾಟ ವಾಯಿಸ್ತಾರು ಸಾರ್?' ಅದರಲ್ಲಿ ಯಾವ ಹಾಡು ನುಡಿಸ್ತೀರಿ?

ಅಣಕವಿರಲಿಲ್ಲ, ಕುತೂಹಲವಷ್ಟೇ. ಆದರೆ ನನ್ನ ಹತ್ತಿರ ಉತ್ತರವಿರಲಿಲ್ಲ.

ನಾನು ಮೈಸೂರಿನವನು. ಹದಿನಾರು ವರ್ಷದಿಂದ ಹೈದರಾಬಾದಿನ ಒಂದು ಔಷಧ ಕಂಪನಿಯ ಗುಣಮಟ್ಟ ವಿಭಾಗದಲ್ಲಿದ್ದೇನೆ. ಟ್ರಂಪೆಟ್ ಕಲಿತದ್ದು ಹೈಸ್ಕೂಲಿನಲ್ಲಿದ್ದಾಗ, ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾಗಿದ್ದ ಮೇಷ್ಟ್ರೊಬ್ಬರ ಹತ್ತಿರ. ಮೈಸೂರಿನ ಹುಡುಗನಿಗೆ ಬ್ಯಾಂಡ್ ಅಂದರೆ ಪರಕೀಯ ಅನಿಸುವುದಿಲ್ಲ. ದಸರೆಯಲ್ಲಿ ಅರಮನೆಯ ಮುಂದೆ ಕರ್ನಾಟಕ ವಾದ್ಯವೃಂದವೂ ಇಂಗ್ಲಿಷ್ ಬ್ಯಾಂಡೂ ಕೇಳುತ್ತಾ ಬೆಳೆದವರು ನಾವು. ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್ ರಷ್ಯನ್ ಸಂಗೀತಗಾರ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಅನ್ನುವುದು ನಮ್ಮ ಮೇಷ್ಟ್ರಿಗೆ ಪಾಠಕ್ಕಿಂತ ಹೆಚ್ಚು ಪ್ರಿಯವಾದ ವಿಷಯವಾಗಿತ್ತು. ಅವರು ತೀರಿಕೊಳ್ಳುವ ಮುಂಚೆ ತಮ್ಮ ಬಿ ಫ್ಲ್ಯಾಟ್ ಟ್ರಂಪೆಟ್ ನನಗೆ ಕೊಟ್ಟರು. ಈಗಲೂ ನುಡಿಸುತ್ತಿರುವುದು ಅದನ್ನೇ. ಸಿಕಂದರಾಬಾದಿನಲ್ಲಿ ಭಾನುವಾರ ಸೇರುವ ಐದು ಜನರ ಹಿತ್ತಾಳೆ ವಾದ್ಯಗಳ ಬಳಗದಲ್ಲಿ ನಾನೊಬ್ಬ.

ಪಿಕೊಲೊ ಆಸೆ ಹುಟ್ಟಿದ್ದು ಇಲ್ಲಿಂದಲೇ. ಕ್ರಿಸ್‌ಮಸ್‌ಗೆ ಒಂದು ಗಾಯಕವೃಂದದ ಜೊತೆ ಹ್ಯಾಂಡೆಲ್‌ನ 'ಮೆಸ್ಸಾಯ'ದ ಕೆಲವು ಭಾಗ ನುಡಿಸಲು ಕರೆ ಬಂದಿತ್ತು. 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಹಾಡಿದ ಕೃತಿ ಅದು. ಟ್ರಂಪೆಟ್ ಭಾಗ ಇರುವುದು ಡಿ ಮೇಜರ್‌ನಲ್ಲಿ. ನನ್ನ ಬಿ ಫ್ಲ್ಯಾಟ್ ವಾದ್ಯದಲ್ಲಿ ಅದು ನಾಲ್ಕು ಶಾರ್ಪ್‌ಗಳ ಇ ಮೇಜರ್ ಆಗುತ್ತದೆ. ನುಡಿಸಬಹುದು, ಆದರೆ ತುಟಿಗೆ ಕಷ್ಟ. ಪಿಕೊಲೊಗೆ ಎ ಸ್ವರದ ಕೊಳವೆ ಹಾಕಿಕೊಂಡರೆ ಅದೇ ಭಾಗ ಎಫ್ ಮೇಜರ್‌ಗೆ ಬಂದು ಬೆರಳಿಗೆ ಹಗುರಾಗುತ್ತದೆ. ಇಪ್ಪತ್ತೈದು ವರ್ಷ ನುಡಿಸಿದ್ದೇನೆ, ಇನ್ನಾದರೂ ಒಂದು ವಿಶೇಷ ವಾದ್ಯ ಬೇಡವೇ ಅನಿಸಿತು. ದುಡ್ಡು ಎಲ್ಲಿಂದ? ಮೈಸೂರಿನ ಮನೆಯ ತಾರಸಿ ಸೋರುತ್ತಿತ್ತು, ಅದರ ರಿಪೇರಿಗೆ ಅಂತ ಎತ್ತಿಟ್ಟದ್ದಿತ್ತು. ಸಾಲದ್ದಕ್ಕೆ ಅಂಗಡಿಯವರು ಹಳೆಯ ಟ್ರಂಪೆಟ್ ಎಕ್ಸ್‌ಚೇಂಜಿಗೆ ಕೊಡಿ ಅಂದಿದ್ದರು. ಹಳೆಯ ಟ್ರಂಪೆಟ್ ಅಂದರೆ ಮೇಷ್ಟ್ರದು. ನಾನು ಅದಕ್ಕೂ ಹೆಚ್ಚುಕಡಿಮೆ ಒಪ್ಪಿದ್ದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಒಳ್ಳೆಯ ವಾದಕನಿಗೆ ಯಾವ ವಾದ್ಯವಾದರೂ ನಡೆಯುತ್ತದೆ ಅನ್ನುವ ಮಾತಿದೆ. ಅದು ಪೂರ್ತಿ ನಿಜವಲ್ಲ. ಟ್ರಂಪೆಟ್‌ನ ಚರಿತ್ರೆಯೇ ವಿಶೇಷ ವಾದ್ಯಗಳ ಚರಿತ್ರೆ. ನಮ್ಮ ಜಾತ್ರೆಯ ಕೊಂಬು ಕಹಳೆಗಳ ಹಾಗೆ ಹಳೆಯ ಯುರೋಪಿನ ಟ್ರಂಪೆಟ್‌ಗೂ ಕವಾಟವಿರಲಿಲ್ಲ, ಸಹಜವಾಗಿ ಹುಟ್ಟುವ ಕೆಲವೇ ಸ್ವರ ಬರುತ್ತಿದ್ದವು. ವಿಯೆನ್ನಾದ ಆಂಟನ್ ವೈಡಿಂಗರ್ ಕೀಲಿಗಳಿದ್ದ ಹೊಸ ಬಗೆಯ ಟ್ರಂಪೆಟ್ ನುಡಿಸುತ್ತಿದ್ದ. ಹೈಡನ್ 1796ರಲ್ಲಿ ತನ್ನ ಕನ್ಚೆರ್ಟೊ ಬರೆದದ್ದು ಅವನಿಗಾಗಿಯೇ. ಕವಾಟಗಳಿಗೆ ಜರ್ಮನಿಯಲ್ಲಿ ಪೇಟೆಂಟ್ ಸಿಕ್ಕಿದ್ದು 1818ರಲ್ಲಿ. ಬೀಟಲ್ಸ್‌ನ 'ಪೆನ್ನಿ ಲೇನ್' ಹಾಡಿನಲ್ಲಿ ಡೇವಿಡ್ ಮೇಸನ್ 1967ರಲ್ಲಿ ನುಡಿಸಿದ ಪಿಕೊಲೊ ತುಣುಕನ್ನು ಬೇರೆ ವಾದ್ಯದಲ್ಲಿ ಊಹಿಸುವುದೂ ಕಷ್ಟ.

ಗಮನಿಸಿ, ಈ ಪ್ರತಿಯೊಂದು ಕಡೆಯೂ ವಾದ್ಯದ ಜೊತೆಗೆ ಒಂದು ನಿರ್ದಿಷ್ಟ ಸಂಗೀತವಿದೆ. ಮೇಳದ ಅಣ್ಣ ಕೇಳಿದ್ದು ಅದನ್ನೇ. ನನ್ನ ಹತ್ತಿರ ವಾದ್ಯದ ಚಿತ್ರವಿತ್ತು, ಹಾಡು ಇರಲಿಲ್ಲ.

ಆ ರಾತ್ರಿ ಹಳೆಯ ಡೈರಿ ತೆಗೆದು ಲೆಕ್ಕ ಹಾಕಿದೆ. ಹಿಂದಿನ ಒಂದು ವರ್ಷದಲ್ಲಿ ನಾನು ಜನರೆದುರು ನುಡಿಸಿದ್ದು ಇಪ್ಪತ್ತಾರು ತುಣುಕು. ಪಿಕೊಲೊ ಇದ್ದಿದ್ದರೆ ಚೆನ್ನಾಗಿತ್ತು ಅನ್ನುವಂಥವು ಎರಡು. ಬಿ ಫ್ಲ್ಯಾಟ್ ಟ್ರಂಪೆಟ್‌ನ ಖಣಖಣ ಧ್ವನಿಯೇ ಬೇಕಾದವು ಐದು. ಉಳಿದ ಹತ್ತೊಂಬತ್ತೂ ನಿಧಾನದವು, ಮಧ್ಯಮ ಸ್ಥಾಯಿಯವು: ಚರ್ಚಿನ ಸ್ತೋತ್ರ, ಹಳೆಯ ಸಿನಿಮಾ ಹಾಡು, ಕನ್ನಡ ಬಳಗದಲ್ಲಿ ನುಡಿಸಿದ ಭಾವಗೀತೆ, ದೇವರನಾಮ. ಇವುಗಳಲ್ಲಿ ನನ್ನ ಟ್ರಂಪೆಟ್ ಗಾಯಕರ ಮೇಲೆ ಏರಿ ಹೋಗುತ್ತದೆ ಅಂತ ಬಳಗದವರು ಮೂರು ವರ್ಷದಿಂದ ಹೇಳುತ್ತಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಡಿಸೆಂಬರ್‌ನಲ್ಲಿ ಬಳಗದ ಹಿರಿಯರೊಬ್ಬರು ತಮ್ಮ ಪಿಕೊಲೊವನ್ನು ಮೂರು ವಾರ ಎರವಲು ಕೊಟ್ಟರು. ಆ ಮೂರು ವಾರ ಕಲಿಸಿದ್ದನ್ನು ಯಾವ ಕ್ಯಾಟಲಾಗೂ ಕಲಿಸುವುದಿಲ್ಲ. ಕೊಳವೆ ಅರ್ಧ ಉದ್ದ, ಹಾಗಾಗಿ ಮೇಲಿನ ಸ್ವರ ಸಲೀಸಾಗಿ ಬರುತ್ತದೆ ಅನ್ನುವುದು ಭ್ರಮೆ. ಬಿ ಫ್ಲ್ಯಾಟ್‌ನಲ್ಲಿ ಬಾರದ ತಾರ ಸ್ವರ ಪಿಕೊಲೊದಲ್ಲೂ ಬಾರದು. ಅದು ಕೊಡುವುದು ಹೊಳಪು ಮತ್ತು ನಿಖರತೆಯನ್ನು. ಮೌತ್‌ಪೀಸ್ ಬೇರೆ, ಒಳಗೆ ಹೋಗುವ ಗಾಳಿ ಕಡಿಮೆ, ಉಸಿರು ಎದೆಯಲ್ಲೇ ಉಳಿದಂತಾಗುತ್ತದೆ. ಇಪ್ಪತ್ತು ನಿಮಿಷಕ್ಕೆ ತುಟಿ ಸೋತುಹೋಗುತ್ತಿತ್ತು. ದಿನಾ ಅದಕ್ಕೆಂದೇ ಅರ್ಧ ಗಂಟೆ ಬೇಕು. ನನಗೆ ಸಿಗುವುದೇ ದಿನಕ್ಕೆ ಮುಕ್ಕಾಲು ಗಂಟೆ, ಅದೂ ಅಪಾರ್ಟ್‌ಮೆಂಟ್ ಸಂಘದ ಒಪ್ಪಿಗೆ ಪಡೆದು ಟೆರೇಸಿನ ನೀರಿನ ಟ್ಯಾಂಕ್ ಪಕ್ಕ. ಕಾರ್ಯಕ್ರಮದ ದಿನ ಒಂದು ಸ್ವರ ಒಡೆಯಿತು. ಮಿಕ್ಕದ್ದು ಚೆನ್ನಾಗಿಯೇ ಬಂತು. ವಾದ್ಯ ಒರೆಸಿ ವಾಪಸು ಕೊಟ್ಟಾಗ ಬೇಸರವಾಗಲಿಲ್ಲ, ಹಗುರವೆನಿಸಿತು.

ಹಾಗಾಗಿ ನನ್ನ ವಾದ ಇಷ್ಟು: ನುರಿತ ವಾದಕ ವಿಶೇಷ ವಾದ್ಯ ಕೊಳ್ಳಬೇಕಾದದ್ದು ತನ್ನ ಅನುಭವಕ್ಕೆ ಬಹುಮಾನವಾಗಿ ಅಲ್ಲ. ಈಗಾಗಲೇ ನುಡಿಸುತ್ತಿರುವ, ಮುಂದಿನ ವರ್ಷವೂ ನುಡಿಸಲಿರುವ ಸಂಗೀತ ಕೇಳಿದಾಗ ಮಾತ್ರ. ವಾದ್ಯಮೇಳದಲ್ಲಿ ಕೂರುವವರಿಗೆ ಸಿ ಟ್ರಂಪೆಟ್ ಅಗತ್ಯ. ಹೈಡನ್, ಹಮ್ಮೆಲ್ ಕನ್ಚೆರ್ಟೊಗಳನ್ನು ಮತ್ತೆಮತ್ತೆ ನುಡಿಸುವವರಿಗೆ ಇ ಫ್ಲ್ಯಾಟ್. ಹಾಡುಗಾರರ ಜೊತೆ ಮೆತ್ತಗೆ ನುಡಿಸುವವರಿಗೆ ಫ್ಲೂಗಲ್‌ಹಾರ್ನ್. ಬಾಯಿಯ ಕಡೆಗೆ ಉದ್ದಕ್ಕೂ ಅಗಲವಾಗುತ್ತಾ ಹೋಗುವ ಅದರ ಕೊಳವೆಯಿಂದಲೇ ಆ ಮಂದ್ರವಾದ, ಮೃದುವಾದ ನಾದ ಬರುವುದು. ಬೆರಳುಗಾರಿಕೆ ಬಿ ಫ್ಲ್ಯಾಟ್ ಟ್ರಂಪೆಟ್‌ನದೇ.

ಕನ್ನಡಿಗ ಗೆಳೆಯರು ಆಗಾಗ ಕೇಳುವ ಇನ್ನೊಂದು ಪ್ರಶ್ನೆ: ನಮ್ಮ ರಾಗ ನುಡಿಸಲು ಯಾವ ಟ್ರಂಪೆಟ್? ಲೆಬನಾನ್ ಮೂಲದ ನಸೀಮ್ ಮಾಲೂಫ್ ಅರಬ್ ಸಂಗೀತದ ಕಾಲು ಸ್ವರಗಳಿಗಾಗಿ ನಾಲ್ಕನೆಯ ಕವಾಟವಿರುವ ಟ್ರಂಪೆಟ್ ರೂಪಿಸಿದರು. ಅವರ ಮಗ ಇಬ್ರಾಹಿಂ ಮಾಲೂಫ್ ಇಂದು ಅದರಲ್ಲೇ ಜಗತ್ಪ್ರಸಿದ್ಧರು. ಕೆನಡಾದ ಮೇನಾರ್ಡ್ ಫರ್ಗುಸನ್ ನಮ್ಮ ಕೋಲಾರಕ್ಕೆ ದೂರವಲ್ಲದ ಮದನಪಲ್ಲಿಯ ರಿಷಿ ವ್ಯಾಲಿ ಶಾಲೆಯಲ್ಲಿ ಕೆಲಕಾಲ ಕಲಿಸಿದವರು. ಕವಾಟಗಳ ಜೊತೆ ಜಾರುಕೊಳವೆಯೂ ಇರುವ 'ಫೈರ್‌ಬರ್ಡ್' ಅನ್ನುವ ಟ್ರಂಪೆಟ್ ಅವರದು. ನನ್ನ ಮಟ್ಟಿಗೆ ಕರ್ನಾಟಕ ಸಂಗೀತಕ್ಕೆ ಹತ್ತಿರವಾದದ್ದು ಎರಡನೆಯ ದಾರಿ. ತೋಡಿಯ ಗಾಂಧಾರಕ್ಕೆ ಬೇಕಾದದ್ದು ಇನ್ನೊಂದು ಮೆಟ್ಟಿಲಲ್ಲ, ಮೆಟ್ಟಿಲುಗಳ ನಡುವಿನ ತೂಗಾಟ. ಆದರೆ ಅದನ್ನೂ ಕೊಳ್ಳುವ ಮೊದಲು ಕದ್ರಿ ಗೋಪಾಲನಾಥರನ್ನು ನೆನೆಯಬೇಕು. ನಾಗಸ್ವರದ ಮನೆಯ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ. ಆಮೇಲೆ ವರ್ಷಗಟ್ಟಲೆ ಸಾಧನೆ ಮಾಡಿ, ಗಮಕಕ್ಕೆ ಆಗದು ಅಂತ ಎಲ್ಲರೂ ಅಂದುಕೊಂಡಿದ್ದ ವಾದ್ಯವನ್ನು ಒಲಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯವರೆಗೂ ಒಯ್ದರು. ಅವರ ತಲೆಯಲ್ಲಿ ರಾಗ ಮೊದಲೇ ಇತ್ತು, ವಾದ್ಯ ಆಮೇಲೆ ಬಂತು.

ಕೊಳ್ಳಲೇಬೇಕು ಅನ್ನುವವರಿಗೆ ಕೆಲವು ಮಾತು. ಅಂಗಡಿಯಲ್ಲಿ ಎತ್ತರದ ಸ್ವರ ಊದಿ ಮೆಚ್ಚಬೇಡಿ. ಕೆಳಗಿನ ಸ್ವರಗಳನ್ನು ಮೆಲ್ಲಗೆ, ಉದ್ದಕ್ಕೆ ಊದಿ ನೋಡಿ, ವಾದ್ಯದ ಗುಣ ಅಲ್ಲಿ ಗೊತ್ತಾಗುತ್ತದೆ. ಟ್ಯೂನರ್ ಇಟ್ಟುಕೊಳ್ಳಿ, ಆದರೆ ಮುಳ್ಳನ್ನು ನೀವು ನೋಡಬೇಡಿ, ಗೆಳೆಯರು ನೋಡಿ ಬರೆದುಕೊಳ್ಳಲಿ. ನಾವು ನೋಡಿದರೆ ತುಟಿ ತಾನಾಗಿ ತಿದ್ದಿಬಿಡುತ್ತದೆ. ಅಭ್ಯಾಸದ ಮ್ಯೂಟ್ ಹಾಕಿ ಪರೀಕ್ಷಿಸಬೇಡಿ, ಅದು ಶ್ರುತಿಯನ್ನೂ ಗಾಳಿಯ ಒತ್ತಡವನ್ನೂ ಬದಲಿಸುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ಕವಾಟ ಒತ್ತದೆ ಅದರ ಕೊಳವೆ ಎಳೆಯಿರಿ. 'ಪಪ್' ಅಂತ ಸದ್ದು ಬಂದರೆ ಕವಾಟ ಇನ್ನೂ ಬಿಗಿಯಾಗಿದೆ. ಮೌತ್‌ಪೀಸ್ ಕೂರುವ ಕೊಳವೆಯ ಮೇಲೆ ಕೆಂಪು ಚುಕ್ಕೆಗಳಿದ್ದರೆ ಹಿತ್ತಾಳೆಯ ಸತು ಹೋಗಿ ಲೋಹ ಟೊಳ್ಳಾಗುತ್ತಿದೆ ಅಂತ ಅರ್ಥ, ಬಿಟ್ಟುಬಿಡಿ. ಸಾಧ್ಯವಾದರೆ ಎರವಲು ತಂದು ಎರಡು ವಾರ ನಿಮ್ಮ ಬಳಗದ ನಡುವೆ ನುಡಿಸಿ. ಒಂಟಿಯಾಗಿ ಸೊಗಸಾಗಿ ಕೇಳಿದ್ದು ನಾಲ್ಕು ಜನರ ಮಧ್ಯೆ ಬೆರೆಯದೆ ಹೋಗಬಹುದು.

ಇದು ಟ್ರಂಪೆಟ್‌ನ ಮಾತು ಮಾತ್ರ ಅಲ್ಲ ಅಂತ ನನಗೆ ಗೊತ್ತು. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಇಂಥ ವಸ್ತುಗಳು ಬೇಕಾದಷ್ಟಿವೆ. ಎರಡು ಸಲ ಹೊರಗೆ ತೆಗೆದ ಕ್ಯಾಮೆರಾ, ಬಾಲ್ಕನಿಯಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್, ಗೋಡೆಗೆ ನೇತುಹಾಕಿದ ವೀಣೆ. ಊರಿನಲ್ಲಿ ಸಮಯವಿತ್ತು, ಗುರುಗಳಿದ್ದರು, ಕೇಳುವವರಿದ್ದರು, ದುಡ್ಡು ಇರಲಿಲ್ಲ. ಇಲ್ಲಿ ದುಡ್ಡು ಮಾತ್ರ ಇದೆ. ಆದ್ದರಿಂದ ಕಳೆದುಕೊಂಡ ಮೂರನ್ನೂ ಇರುವ ಒಂದರಿಂದಲೇ ತುಂಬಿಕೊಳ್ಳಲು ನೋಡುತ್ತೇವೆ. ಪಿಕೊಲೊ ಬಂದರೆ ಅಭ್ಯಾಸವೂ ಬರುತ್ತದೆ ಅಂತ ನಾನು ನಂಬಿದ್ದೆ. ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ ಮೇಷ್ಟ್ರ ವಾದ್ಯವನ್ನೇ ಕೊಡಲು ಹೊರಟಿದ್ದೆ.

ಕೊನೆಗೆ ಜನವರಿಯಲ್ಲಿ ಮೈಸೂರಿನ ತಾರಸಿ ರಿಪೇರಿಯಾಯಿತು. ಬೆಂಗಳೂರಿನ ಪರಿಚಯದವರೊಬ್ಬರ ಹತ್ತಿರ ಹಳೆಯ ಫ್ಲೂಗಲ್‌ಹಾರ್ನ್ ಅರವತ್ತು ಸಾವಿರಕ್ಕೆ ಸಿಕ್ಕಿತು. ಊರಿಂದ ಬರುವಾಗ ದಾರಿಯಲ್ಲಿ ತೆಗೆದುಕೊಂಡು, ಕಾಚಿಗೂಡ ರೈಲಿನಲ್ಲಿ ತಲೆದಿಂಬಿನ ಪಕ್ಕ ಇಟ್ಟುಕೊಂಡು ಬಂದೆ. ಬಳಗದ ಮೊದಲ ಭಾನುವಾರ ಅದರಲ್ಲಿ ನಿಧಾನದ ಎರಡು ಹಾಡು ನುಡಿಸಿದಾಗ, ಮೂರು ವರ್ಷದಿಂದ ದೂರುತ್ತಿದ್ದವರು ಏನೂ ಹೇಳಲಿಲ್ಲ. ಮೂರನೆಯ ಹಾಡಿನ ಪುಟ ತಿರುವಿದರು.

ಮೇಷ್ಟ್ರ ಟ್ರಂಪೆಟ್ ಅದರ ಪೆಟ್ಟಿಗೆಯಲ್ಲೇ ಇದೆ, ವಾರಕ್ಕೆ ನಾಲ್ಕು ದಿನ ಹೊರಗೆ ಬರುತ್ತದೆ. ಪಿಕೊಲೊ ಎಂದೂ ಬೇಡ ಅನ್ನುವುದಿಲ್ಲ. ಬೀರುವಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ. ಪಿಕೊಲೊ ಇಲ್ಲದೆ ಆಗದ ತುಣುಕು ಒಪ್ಪಿಕೊಂಡಾಗಲೆಲ್ಲ ಅದರ ಹೆಸರು ಬರೆಯುತ್ತೇನೆ. ಎಂಟು ಆದ ದಿನ ಅಂಗಡಿಗೆ ಫೋನ್ ಮಾಡುವುದು ಅಂತ ನಿರ್ಧಾರ. ಸದ್ಯಕ್ಕೆ ಚೀಟಿಯಲ್ಲಿ ಎರಡೇ ಇವೆ.