ಮಗಳ ಕಿವಿಗೆ ಬೀಳುವ ಮಾತು

ಸಂಸಾರದ ಸ್ವರೂಪವನ್ನು ಚಿಂತಿಸುವಾಗ ಜೈನಾಚಾರ್ಯರು ಒಂದು ವಿಚಾರವನ್ನು ಮತ್ತೆ ಮತ್ತೆ ನೆನಪಿಸುತ್ತಾರೆ. ಈ ಭವದಲ್ಲಿ ತಾಯಿಯಾಗಿರುವ ಜೀವ ಇನ್ನೊಂದು ಭವದಲ್ಲಿ ಮಗಳಾಗಬಹುದು, ಸೋದರಿಯಾಗಬಹುದು. ಮಗಳಾಗಿರುವ ಜೀವ ತಾಯಿಯಾಗಿ ಬರಬಹುದು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೂರನೆಯದಾದ ಸಂಸಾರಾನುಪ್ರೇಕ್ಷೆಯ ತಿರುಳಿದು. ಸಂಬಂಧಗಳ ಹೆಸರು ಬದಲಾಗುತ್ತಲೇ ಇರುತ್ತದೆ ಎಂಬ ಅರಿವು ಮೋಹವನ್ನು ಸಡಿಲಿಸಲಿ ಎಂಬುದು ಅದರ ಆಶಯ.

ಆದರೆ ಗಂಡ ಹೆಂಡತಿ ಬೇರೆಯಾಗುತ್ತಿರುವ ಮನೆಯಲ್ಲಿ ಈ ಪಲ್ಲಟಕ್ಕೆ ಇನ್ನೊಂದು ಜನ್ಮ ಬೇಕಾಗುವುದಿಲ್ಲ. ಕೆಲವೇ ತಿಂಗಳಲ್ಲಿ ಮಗಳು ತಾಯಿಗೆ ತಾಯಿಯಾಗಿಬಿಡುತ್ತಾಳೆ. ತಾಯಿ ಉಂಡಳೇ, ಮಲಗಿದಳೇ ಎಂದು ಅವಳು ನೋಡಿಕೊಳ್ಳುತ್ತಾಳೆ. ಬಂದ ನೆಂಟರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ಕಲಿತುಕೊಳ್ಳುತ್ತಾಳೆ. ವಕೀಲರ ನೋಟಿಸು ಬಂದರೆ ಮೊದಲು ಓದುವವಳೂ ಅವಳೇ. ನೋಡಿದವರು ಮೆಚ್ಚುತ್ತಾರೆ: ‘ಈ ವಯಸ್ಸಿಗೇ ಎಷ್ಟು ತಿಳಿವಳಿಕೆ, ತಾಯಿಗೆ ಊರುಗೋಲಾಗಿದ್ದಾಳೆ’ ಎನ್ನುತ್ತಾರೆ. ಆ ಊರುಗೋಲಿನ ಮೇಲೆ ಬೀಳುವ ಭಾರ ಎಷ್ಟು ಎಂದು ಕೇಳುವವರು ಕಡಿಮೆ. ಶ್ರಾವಕಾಚಾರದ ಬೆಳಕಿನಲ್ಲಿ ಕೇಳಬೇಕಾದ ಪ್ರಶ್ನೆ ಅದೇ.

ಮನೆ ಒಡೆಯುವಾಗ ತಾಯಿ ಮಗಳ ಸಂಬಂಧ ಸಾಮಾನ್ಯವಾಗಿ ಎರಡು ದಿಕ್ಕಿನಲ್ಲಿ ಬದಲಾಗುತ್ತದೆ. ಒಂದು, ಅತಿಯಾದ ಸಾಮೀಪ್ಯ. ರಾತ್ರಿ ಅಡುಗೆಮನೆಯ ದೀಪ ಆರುವ ಹೊತ್ತಿಗೆ ತಾಯಿಯ ಎದೆಯೊಳಗಿನದೆಲ್ಲ ಮಾತಾಗಿ ಹೊರಬೀಳುತ್ತದೆ. ಮದುವೆಯ ಮೊದಲ ವರ್ಷದಿಂದ ನಿನ್ನೆಯವರೆಗಿನ ಅವಮಾನಗಳು, ಹಣದ ಲೆಕ್ಕ, ಗಂಡನ ಹಳೆಯ ತಪ್ಪುಗಳು, ಗಂಡ ಹೆಂಡತಿಯ ನಡುವೆಯೇ ಉಳಿಯಬೇಕಾಗಿದ್ದ ಸಂಗತಿಗಳು ಎಲ್ಲವೂ ಮಗಳ ಕಿವಿಗೆ ಬೀಳುತ್ತವೆ. ಇನ್ನೊಂದು, ಅತಿಯಾದ ದೂರ. ಮನೆ ಒಡೆಯಲು ತಾಯಿಯೇ ಕಾರಣವೆಂದು ಮಗಳು ಒಳಗೊಳಗೇ ತೀರ್ಪು ಕೊಟ್ಟು, ಬಾಗಿಲು ಹಾಕಿಕೊಂಡು, ಮಾತಿಗೆ ಮಾತು ಕೊಡದೆ ಉಳಿಯುತ್ತಾಳೆ. ಎಷ್ಟೋ ಮನೆಗಳಲ್ಲಿ ಮೊದಲನೆಯದೇ ಕ್ರಮೇಣ ಎರಡನೆಯದಾಗುತ್ತದೆ. ಹದಿನಾರರ ಹುಡುಗಿ ಹೊತ್ತುಕೊಂಡದ್ದನ್ನು ಇಪ್ಪತ್ತಾರರ ಯುವತಿ ಇಳಿಸಬಯಸಿದಾಗ, ಭಾರದ ಜೊತೆಗೆ ತಾಯಿಯಿಂದಲೂ ದೂರ ಸರಿಯುತ್ತಾಳೆ.

ಇಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ನೆನೆಯುವುದು ಉಪಯುಕ್ತ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದು ರಹೋಭ್ಯಾಖ್ಯಾನ. ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದ್ದನ್ನು ಹೊರಗೆ ಪ್ರಕಟಿಸುವುದೇ ಅದು ಎಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಇನ್ನೊಂದು ನ್ಯಾಸಾಪಹಾರ, ನಂಬಿ ಇಟ್ಟದ್ದನ್ನು ಹಿಂದಿರುಗಿಸದಿರುವುದು. ಮತ್ತೊಂದು ಸಾಕಾರಮಂತ್ರಭೇದ, ಪರರ ಮುಖಭಾವ ಇಂಗಿತಗಳಿಂದ ಅವರ ಮನದ ಗುಟ್ಟನ್ನು ಊಹಿಸಿ ಬಯಲು ಮಾಡುವುದು. ರಹೋಭ್ಯಾಖ್ಯಾನದಲ್ಲೂ ಸಾಕಾರಮಂತ್ರಭೇದದಲ್ಲೂ ಆಡಿದ ಮಾತು ಸುಳ್ಳಾಗಿರಬೇಕೆಂದೇನೂ ಇಲ್ಲ ಎಂಬುದು ಗಮನಾರ್ಹ. ನಡೆದದ್ದೇ ನಿಜವಾದರೂ, ಹೇಳಬಾರದ ಸ್ಥಳದಲ್ಲಿ ಕೇಳಬಾರದ ಕಿವಿಗೆ ಹೇಳಿದಾಗ ವ್ರತಕ್ಕೆ ಮಲಿನತೆ ತಗಲುತ್ತದೆ. ‘ಸುಳ್ಳೇನೂ ಹೇಳಲಿಲ್ಲವಲ್ಲ’ ಎಂಬ ಸಮಾಧಾನ ಶ್ರಾವಿಕೆಗೆ ಸಾಲದು.

ದಾಂಪತ್ಯ ಮುರಿಯುವಾಗ ಈ ಮೂರೂ ದೋಷಗಳು ಒಂದೇ ಮನೆಯಲ್ಲಿ ಸುಳಿಯುತ್ತವೆ. ಗಂಡನ ಏಕಾಂತದ ಮಾತು ಮಗಳೆದುರು ಬರುತ್ತದೆ. ತಂದೆಯ ಬಗೆಗೆ ಮಗಳಲ್ಲಿದ್ದ ವಿಶ್ವಾಸ ತಾಯಿಯ ಬಳಿ ಇಟ್ಟ ನ್ಯಾಸದಂತೆ. ಅದು ಮಗಳಿಗೆ ಮರಳಿ ಸಿಗುವುದಿಲ್ಲ. ತಂದೆಯನ್ನು ಕಂಡು ಬಂದ ಮಗಳ ಮುಖ ನೋಡಿ ‘ಅಲ್ಲಿ ಏನೇನು ನಡೆಯಿತು, ಯಾರು ಬಂದಿದ್ದರು’ ಎಂದು ಕೆದಕಲಾಗುತ್ತದೆ. ತಂದೆಯೂ ಇದನ್ನೇ ಮಾಡಬಲ್ಲ, ಮಾಡುವುದೂ ಉಂಟು. ವ್ರತದ ನಿಯಮ ಇಬ್ಬರಿಗೂ ಒಂದೇ. ಆದರೆ ದಿನದ ಹೆಚ್ಚು ಹೊತ್ತು ಮಗಳು ಯಾರ ಬಳಿ ಇರುತ್ತಾಳೋ ಅವರ ನಾಲಿಗೆಯ ಹೊಣೆ ಹೆಚ್ಚು. ಬಹುಪಾಲು ಮನೆಗಳಲ್ಲಿ ಆಕೆ ಇರುವುದು ತಾಯಿಯ ಬಳಿಯಲ್ಲಿ.

ಹಾಗಾದರೆ ತಾಯಿ ಎಲ್ಲವನ್ನೂ ನುಂಗಿಕೊಂಡು ನಗುತ್ತಿರಬೇಕೇ? ಧರ್ಮ ಹಾಗೆ ಹೇಳುವುದಿಲ್ಲ. ಮನೆಯಲ್ಲಿ ಹೊಡೆತ ಬಡಿತ ನಡೆದಿದ್ದರೆ, ಕುಡಿತದಿಂದಲೋ ಜೂಜಿನಿಂದಲೋ ಮಕ್ಕಳ ಅನ್ನಕ್ಕೆ ಸಂಚಕಾರ ಬಂದಿದ್ದರೆ ಅದನ್ನು ಮುಚ್ಚಿಡುವುದು ಹಿಂಸೆಗೆ ನೆರವಾದಂತೆ. ಗೃಹಸ್ಥರಿಗೆ ಸಂಕಲ್ಪೀ ಹಿಂಸೆಯ ತ್ಯಾಗವನ್ನು ವಿಧಿಸಿದ ಪರಂಪರೆಯೇ, ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಒದಗುವ ವಿರೋಧಿ ಹಿಂಸೆಯನ್ನು ಬೇರೆಯಾಗಿ ಎಣಿಸಿದೆ. ಅಂಥ ಸತ್ಯವನ್ನು ತವರಿಗೆ, ಹಿರಿಯರಿಗೆ, ಪೊಲೀಸರಿಗೆ, ನ್ಯಾಯಾಲಯಕ್ಕೆ ಹೇಳಬೇಕು. ಮಗಳಿಗೂ ಅವಳ ರಕ್ಷಣೆಗೆ ಎಷ್ಟು ಬೇಕೋ ಅಷ್ಟನ್ನು ಸ್ಪಷ್ಟವಾಗಿ ಹೇಳಬೇಕು. ರಕ್ಷಿಸಲು ಹೇಳುವ ಮಾತಿಗೂ ಹಗುರಾಗಲು ಹೇಳುವ ಮಾತಿಗೂ ವ್ಯತ್ಯಾಸವಿದೆ. ಮೊದಲನೆಯದು ಮಗಳನ್ನು ಕಾಯುತ್ತದೆ, ಎರಡನೆಯದು ತಾಯಿಯ ಹೊರೆಯನ್ನು ಮಗಳ ಹೆಗಲಿಗೆ ಸಾಗಿಸುತ್ತದೆ. ಹಗುರಾಗಲು ತಾಯಿಗೆ ಒಬ್ಬ ಅಕ್ಕ, ಒಬ್ಬ ಗೆಳತಿ, ಒಬ್ಬ ಆಪ್ತಸಲಹೆಗಾರ್ತಿ, ಬಸದಿಗೆ ಬಂದ ಒಬ್ಬ ಮಾತಾಜಿ ಬೇಕು. ಆ ಹಕ್ಕು ಅವಳಿಗೆ ಪೂರ್ಣವಾಗಿದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆರ್ತಧ್ಯಾನದ ಬಗೆಗಳಲ್ಲಿ ಅನಿಷ್ಟಸಂಯೋಗದಿಂದ ಹುಟ್ಟುವ ಸಂಕಟ ಒಂದು, ಇಷ್ಟವಿಯೋಗದಿಂದ ಹುಟ್ಟುವುದು ಇನ್ನೊಂದು. ಬೇಡದ್ದು ಕೂಡಿಕೊಂಡಿರುವ ದುಃಖ ಮೊದಲನೆಯದು, ಬೇಕಾದದ್ದು ಅಗಲಿದ ದುಃಖ ಎರಡನೆಯದು. ಬೇಸತ್ತ ತಾಯಿಗೆ ಗಂಡ ಮನೆಬಿಟ್ಟ ದಿನ ಅನಿಷ್ಟಸಂಯೋಗ ಕಳೆದ ದಿನ. ಅದೇ ದಿನ, ಅದೇ ಹೊಸ್ತಿಲಲ್ಲಿ, ಮಗಳಿಗೆ ಇಷ್ಟವಿಯೋಗ ಆರಂಭವಾಗುತ್ತದೆ. ಒಬ್ಬಳ ನಿಟ್ಟುಸಿರು ಇನ್ನೊಬ್ಬಳ ಅಳು. ತನಗಾದ ಬಿಡುಗಡೆಯೇ ಮಗಳಿಗೂ ಆಯಿತೆಂದು ತಾಯಿ ಭಾವಿಸಿದರೆ ಮಗಳ ಅಳುವಿಗೆ ಮನೆಯಲ್ಲಿ ಜಾಗವಿರುವುದಿಲ್ಲ. ಅನ್ಯತ್ವಾನುಪ್ರೇಕ್ಷೆ ತನ್ನ ದೇಹವೇ ಆತ್ಮನಿಂದ ಬೇರೆ ಎಂದು ಚಿಂತಿಸಲು ಕಲಿಸುತ್ತದೆ. ದೇಹವೇ ಬೇರೆಯಾದ ಮೇಲೆ, ಆ ದೇಹದಿಂದ ಹುಟ್ಟಿದ ಮಗಳು ತನ್ನದೇ ಕರ್ಮ, ತನ್ನದೇ ಸುಖದುಃಖಗಳುಳ್ಳ ಬೇರೊಂದು ಜೀವ ಎಂಬುದರಲ್ಲಿ ಸಂಶಯವೇನು? ಅವಳ ದುಃಖ ತಾಯಿಯ ದುಃಖದ ನಕಲಾಗಿರಬೇಕಾಗಿಲ್ಲ.

ಅನೇಕಾಂತವನ್ನು ಬೋಧಿಸುವಾಗ ಬಳಕೆಯಲ್ಲಿರುವ ಸರಳ ದೃಷ್ಟಾಂತವೊಂದಿದೆ. ಒಬ್ಬನೇ ಪುರುಷ ಮಗನ ಅಪೇಕ್ಷೆಯಿಂದ ತಂದೆ, ತಂದೆಯ ಅಪೇಕ್ಷೆಯಿಂದ ಮಗ, ಸೋದರಳಿಯನ ಅಪೇಕ್ಷೆಯಿಂದ ಮಾವ. ಪಾಠಶಾಲೆಯ ಮಕ್ಕಳೂ ಇದನ್ನು ಒಪ್ಪುತ್ತಾರೆ. ಒಡೆದ ಮನೆಯಲ್ಲಿ ಮಾತ್ರ ಇದನ್ನು ಒಪ್ಪುವುದು ಕಷ್ಟ. ಹೆಂಡತಿಯ ಅಪೇಕ್ಷೆಯಿಂದ ಸೋತ ಗಂಡ, ಮಗಳ ಅಪೇಕ್ಷೆಯಿಂದ ಸೈಕಲ್ ಹಿಡಿದು ಓಡಿಸಲು ಕಲಿಸಿದ ತಂದೆಯಾಗಿ ಉಳಿದಿರಬಹುದು. ಎರಡೂ ಏಕಕಾಲಕ್ಕೆ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಅಳಿಸುವುದು ಏಕಾಂತ ದೃಷ್ಟಿ. ಮತಾಗ್ರಹದಷ್ಟೇ ಅದೂ ಹಾನಿಕರ.

ಹೊಯ್ಸಳರ ಕಾಲದ ಒಂದು ಮನೆ ಈ ಸಂದರ್ಭದಲ್ಲಿ ನೆನಪಾಗುತ್ತದೆ. ವಿಷ್ಣುವರ್ಧನನ ಪಟ್ಟದರಸಿ ಶಾಂತಲಾದೇವಿಯ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಶಾಂತಲೆ, 1131ರಲ್ಲಿ ಕೊನೆಯುಸಿರೆಳೆದದ್ದು ಶಿವಗಂಗೆಯಲ್ಲಿ. ಅದು ಒಡೆದ ಮನೆಯಲ್ಲ. ಆದರೆ ತಂದೆ ತಾಯಿಯರ ದಾರಿ ಬೇರೆಯಾಗಿದ್ದಾಗಲೂ ಮಗಳು ತಾಯಿಯ ಧರ್ಮವನ್ನು ಹಿಡಿದು ನಡೆಯಲು ತಂದೆಯನ್ನು ತೊರೆಯಬೇಕಾಗಲಿಲ್ಲ. ಒಂದೇ ಸೂರಿನ ಕೆಳಗಿನ ಎರಡು ನಿಷ್ಠೆಗಳಿಗೆ ಅಂದಿನ ಕುಟುಂಬ ತೋರಿದ ಅವಕಾಶವನ್ನು, ಇಂದು ಎರಡು ಸೂರುಗಳ ನಡುವೆ ಓಡಾಡುವ ಮಗಳಿಗೆ ಕೊಡಬಾರದೇ?

ಹಿಂದೂ ವಿವಾಹ ಕಾಯ್ದೆ, 1955 ಜೈನರಿಗೂ ಅನ್ವಯಿಸುತ್ತದೆ. 1976ರ ತಿದ್ದುಪಡಿಯಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅವಕಾಶವಾಯಿತು. ಅರ್ಜಿ ಸಲ್ಲಿಸಿದ ಮೇಲೆ ಆರು ತಿಂಗಳ ಅಂತರವನ್ನು ಕಾನೂನು ಇರಿಸಿದೆ. ತಕ್ಕ ಪ್ರಕರಣಗಳಲ್ಲಿ ಅದನ್ನು ಸಡಿಲಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಮಕ್ಕಳ ಪಾಲನೆಯ ವಿಷಯದಲ್ಲಿ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಮಗುವಿನ ಹಿತವನ್ನು ಮುಂದಿಡುತ್ತದೆ. ವಿವೇಚಿಸುವ ವಯಸ್ಸಾಗಿದ್ದರೆ ಮಗುವಿನ ಇಚ್ಛೆಯನ್ನೂ ನ್ಯಾಯಾಲಯ ಪರಿಗಣಿಸಬಹುದು. ‘ನೀನು ಯಾರ ಬಳಿ ಇರುತ್ತೀಯೆ’ ಎಂಬ ಪ್ರಶ್ನೆಯನ್ನು ನ್ಯಾಯಾಧೀಶರು ಒಂದೆರಡು ಬಾರಿ ಕೇಳಿಯಾರು. ಮನೆಯಲ್ಲಿ ಅದು ಬಾಯಿಬಿಟ್ಟು ಕೇಳದೆಯೇ ದಿನಕ್ಕೆ ಹತ್ತು ಬಾರಿ ಕೇಳಿಸುತ್ತದೆ. ತಂದೆಯ ಫೋನ್ ಬಂದಾಗ ತಾಯಿಯ ಮುಖ ಬಿಗಿಯುವುದೂ ಒಂದು ಪ್ರಶ್ನೆಯೇ. ಕಾನೂನು ಕೊಡುವ ಆ ತಿಂಗಳುಗಳು ದಾಖಲೆ ಕೂಡಿಸುವ ಕಾಲವಷ್ಟೇ ಆಗದೆ ಕಷಾಯ ಇಳಿಸುವ ಕಾಲವೂ ಆಗಬಲ್ಲವು. ದಿನಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಸಾಮಾಯಿಕಕ್ಕೆ ಕುಳಿತ ತಾಯಿಗೆ ಆ ದಿನದ ಕ್ರೋಧ ಎಷ್ಟು, ಮಾನ ಎಷ್ಟು, ಮಗಳ ಮುಂದೆ ಆಡಿದ್ದರಲ್ಲಿ ಬೇಕಿದ್ದದ್ದು ಎಷ್ಟು ಎಂಬುದು ತಾನೇ ತಿಳಿಯುತ್ತದೆ.

ಮಗಳಿಗೂ ಧರ್ಮವಿದೆ. ಬೆಳೆದ ಮಗಳು ತಾಯಿಯನ್ನು ತಾಯಿಯೆಂದಷ್ಟೇ ನೋಡಿದ್ದಾಳೆ. ದಣಿದ, ಹೆದರಿದ, ಒಂಟಿಯಾದ ಒಂದು ಜೀವವೆಂದು ನೋಡಿಲ್ಲ. ಎಲ್ಲ ಜೀವಗಳಲ್ಲಿ ಮೈತ್ರಿ, ಗುಣದಲ್ಲಿ ಹೆಚ್ಚಿನವರಲ್ಲಿ ಪ್ರಮೋದ, ನೊಂದವರಲ್ಲಿ ಕಾರುಣ್ಯ, ತಿದ್ದಿಕೊಳ್ಳಲೊಲ್ಲದವರಲ್ಲಿ ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳು ಅವಳಿಗೂ ಸಲ್ಲುತ್ತವೆ. ತಾಯಿ ಕಟುವಾಗಿ ಮಾತನಾಡಿದ ರಾತ್ರಿ ಕಾರುಣ್ಯ ಬೇಕು. ಇಬ್ಬರ ನಡುವಿನ ವ್ಯಾಜ್ಯದಲ್ಲಿ ತೀರ್ಪು ಕೊಡೆಂದು ಒತ್ತಾಯ ಬಂದಾಗ ಮಾಧ್ಯಸ್ಥ್ಯ ಬೇಕು. ‘ಅಮ್ಮ, ಇದನ್ನು ದೊಡ್ಡಮ್ಮನ ಹತ್ತಿರ ಹೇಳು, ನನ್ನಿಂದ ತಡೆಯಲಾಗುವುದಿಲ್ಲ’ ಎನ್ನುವುದು ಅವಿಧೇಯತೆಯಲ್ಲ. ಜಾರುತ್ತಿರುವವರನ್ನು ಧರ್ಮದಲ್ಲಿ ನಿಲ್ಲಿಸುವ ಸ್ಥಿತಿಕರಣ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದು. ಅದನ್ನು ಹಿರಿಯರೇ ಮಾಡಬೇಕೆಂಬ ನಿಯಮವಿಲ್ಲ.

ಸಮಾಜದ ಹೊಣೆಯನ್ನು ಮರೆತರೆ ಈ ಮಾತೆಲ್ಲ ಇಬ್ಬರು ಹೆಣ್ಣುಮಕ್ಕಳ ಮೇಲೆ ಹೇರಿದ ಇನ್ನೊಂದು ಭಾರವಾದೀತು. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಬರುವ ಅಂಜನೆಯ ಕಥೆ ಬಲ್ಲವರಿಗೆ ಇದು ತಿಳಿದಿದೆ. ಪವನಂಜಯನ ದೀರ್ಘ ಉಪೇಕ್ಷೆಯನ್ನು ಸಹಿಸಿದ ಅಂಜನೆ, ಯುದ್ಧಕ್ಕೆ ಹೊರಟ ಗಂಡ ಗುಟ್ಟಾಗಿ ಬಂದು ಕೂಡಿದ ಮೇಲೆ ಗರ್ಭವತಿಯಾದಳು. ಅತ್ತೆ ಕೇತುಮತಿ ನಂಬದೆ ಹೊರದೂಡಿದಳು. ತವರಿನ ಬಾಗಿಲೂ ತೆರೆಯಲಿಲ್ಲ. ಮಗಳ ಮಾತಿಗಿಂತ ಲೋಕಾಪವಾದದ ಭಯ ಅಲ್ಲಿ ದೊಡ್ಡದಾಯಿತು. ಕಾಡಿನಲ್ಲಿ ಜೊತೆಗೆ ನಡೆದವಳು ಸಖಿಯೊಬ್ಬಳೇ. ಕೊನೆಗೆ ಆಶ್ರಯ ಕೊಟ್ಟವನು ಸೋದರಮಾವ ಪ್ರತಿಸೂರ್ಯ. ಇಂದಿಗೂ ಗಂಡನ ಮನೆ ಬಿಟ್ಟು ಬಂದವಳಿಗೆ, ಅವಳ ಮಗಳಿಗೆ, ಒಬ್ಬ ಸಖಿ ಮತ್ತು ಒಬ್ಬ ಸೋದರಮಾವ ಬೇಕು. ಮಾತನ್ನು ಕೇಳಿಸಿಕೊಳ್ಳುವ ಇನ್ನೊಂದು ಕಿವಿ ಹೊರಗೆ ಸಿಕ್ಕರೆ ತಾಯಿ ಅದನ್ನು ಮಗಳ ಕಿವಿಗೆ ಸುರಿಯಬೇಕಾಗಿಲ್ಲ. ಬಸದಿಯ ಮೆಟ್ಟಿಲಲ್ಲಿ ‘ಅಪ್ಪ ಈಗ ಎಲ್ಲಿದ್ದಾರಮ್ಮ’ ಎಂದು ಹುಡುಗಿಯನ್ನು ಕೇಳುವ ಕುತೂಹಲಕ್ಕೆ ಉಪಗೂಹನವೇ ಮದ್ದು. ಪರರ ದೋಷವನ್ನು ಬೀದಿಗೆ ತರದಿರುವ ಆ ಗುಣವೂ ಎಂಟು ಅಂಗಗಳಲ್ಲಿ ಸೇರಿದೆ.

ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಬಳಿಕ ಶ್ರಾವಕ ಶ್ರಾವಿಕೆಯರು ಕ್ಷಮೆ ಬೇಡುತ್ತಾರೆ, ಕ್ಷಮೆ ನೀಡುತ್ತಾರೆ. ಗಂಡ ಹೆಂಡತಿ ಕ್ಷಮಿಸಿಕೊಂಡ ಮಾತ್ರಕ್ಕೆ ಮತ್ತೆ ಒಂದಾಗಲೇಬೇಕೆಂದಿಲ್ಲ. ಕ್ಷಮೆ ವೈರವನ್ನು ಬಿಡಿಸುತ್ತದೆ, ವಿವಾಹವನ್ನು ಜೋಡಿಸುವ ಕರಾರು ಅದಲ್ಲ. ಆದರೆ ಆ ದಿನ ತಾಯಿ ಮಗಳ ಮುಂದೆ ಕುಳಿತು ‘ನಿನ್ನ ವಯಸ್ಸಿಗೆ ಮೀರಿದ್ದನ್ನು ನಿನ್ನ ಮೇಲೆ ಹೊರಿಸಿದೆ, ಕ್ಷಮಿಸು ಮಗಳೇ, ನಿನ್ನ ಅಪ್ಪನನ್ನು ಪ್ರೀತಿಸಲು ನನ್ನ ಅಪ್ಪಣೆ ಬೇಕಿಲ್ಲ’ ಎಂದರೆ, ಅದು ಆ ಮನೆಯಲ್ಲಿ ನಡೆಯುವ ಅಭಯದಾನ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅಭಯಕ್ಕೆ ಹಣ ಬೇಕಾಗಿಲ್ಲ, ಪತಿಯ ಸಹಿಯೂ ಬೇಕಾಗಿಲ್ಲ. ಆ ಮಾತು ಕೇಳಿದ ಮಗಳು ಮತ್ತೆ ಮಗಳಾಗಬಲ್ಲಳು, ಹೊತ್ತುಕೊಂಡ ತಾಯ್ತನವನ್ನು ಕೆಳಗಿಳಿಸಬಲ್ಲಳು. ಮುಂದೆ ವಯಸ್ಸು ತುಂಬಿ ಅವಳು ತಾಯಿಯ ಕೈ ಹಿಡಿದರೆ, ಅದು ಭಯದಿಂದ ಹಿಡಿದ ಕೈಯಾಗಿರದೆ, ಒಂದೇ ದಾರಿಯಲ್ಲಿ ನಡೆಯುವ ಇಬ್ಬರು ಶ್ರಾವಿಕೆಯರ ಸಹಜವಾದ ಆಸರೆಯಾಗಿರುತ್ತದೆ.