ಕೂತು ಓಡಿಸುವ ಹುಲ್ಲು ಯಂತ್ರ ನಮ್ಮ ತೋಟಕ್ಕೆ ತಕ್ಕುದೇ?



ಈಚೆಗೆ ಸಂಘದ ಗೊಬ್ಬರದ ಮಳಿಗೆಯ ಜಗಲಿಯಲ್ಲಿ ಮೂರು ನಾಲ್ಕು ಮಂದಿ ಸದಸ್ಯರು ಕೂಡಿದರೆಂದರೆ ಮಾತು ಒಂದೇ ಕಡೆಗೆ ಹೊರಳುತ್ತದೆ. ಕೂತು ಓಡಿಸುವ ಹುಲ್ಲು ಕೊಚ್ಚುವ ಯಂತ್ರವೊಂದನ್ನು ಯಾರೋ ಮೊಬೈಲಿನಲ್ಲಿ ನೋಡಿರುತ್ತಾರೆ. ಇನ್ಯಾರೋ ಕೃಷಿ ಮೇಳದಲ್ಲಿ ಅದರ ಮೇಲೆ ಹತ್ತಿ ಕೂತೇ ಬಂದಿರುತ್ತಾರೆ. ರೈಡಿಂಗ್ ಮೋವರ್ ಎಂದು ಅದರ ಹೆಸರು. ಕುರ್ಚಿ ಇದೆ, ಸ್ಟೇರಿಂಗ್ ಇದೆ, ಹೊಟ್ಟೆಯ ಕೆಳಗೆ ತಿರುಗುವ ಬ್ಲೇಡು ಇದೆ. ಒಂದು ಗಂಟೆಯಲ್ಲಿ ಒಂದು ಎಕರೆ ಬೋಳಿಸಿ ಬಿಡುತ್ತದಂತೆ. ನಮ್ಮ ನೆರೆಯ ಮಿತ್ರರೊಬ್ಬರು ಈ ವರ್ಷದ ಅಡಿಕೆ ಹಣ ಕೈಗೆ ಬಂದ ಕೂಡಲೆ ಒಂದನ್ನು ತರಿಸುವ ಹುರುಪಿನಲ್ಲಿದ್ದಾರೆ. ‘ನಿಮ್ಮ ಅಭಿಪ್ರಾಯವೇನು?’ ಎಂದು ಕೇಳಿದರು. ಜಗಲಿಯಲ್ಲಿ ನಿಂತು ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅವರ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಎರಡು ಎಕರೆ ಅಡಿಕೆ, ಮೂರು ಎಕರೆ ಕಾಫಿ ಇಟ್ಟುಕೊಂಡ ನನ್ನದೂ ಅದೇ ಪಾಡು. ಜೂನ್ ತಿಂಗಳಲ್ಲಿ ಕಳೆ ಹೊಡೆಸಿದರೆ ಆಗಸ್ಟ್ ಹೊತ್ತಿಗೆ ಮತ್ತೆ ಮೊಣಕಾಲು ಮುಚ್ಚುತ್ತದೆ. ಹೊಡೆಸದೆ ಬಿಡುವಂತಿಲ್ಲ. ಉದುರಿದ ಅಡಿಕೆ ಹುಲ್ಲಿನಲ್ಲಿ ಸೇರಿ ಹೋಗುತ್ತದೆ. ನೆಲಕ್ಕೆ ಬಿದ್ದ ಕಾಫಿ ಹಣ್ಣು ಹೆಕ್ಕದಿದ್ದರೆ ಕಾಯಿಕೊರಕಕ್ಕೆ ಮುಂದಿನ ವರ್ಷದ ಮನೆ ನಾವೇ ಕಟ್ಟಿಕೊಟ್ಟಂತೆ. ಎಲ್ಲಕ್ಕಿಂತ ಹೆಚ್ಚಾಗಿ, ಕೊನೆ ಹೆಕ್ಕಲು ಬಗ್ಗುವ ಹೆಣ್ಣುಮಕ್ಕಳ ಕೈಯ ಹತ್ತಿರ ಹಾವು ಮಲಗಿದ್ದರೆ ಕಾಣಬೇಕಲ್ಲ! ಕಳೆನಾಶಕ ಸಿಂಪಡಿಸಿ ಕೈ ತೊಳೆದುಕೊಳ್ಳುತ್ತೇನೆಂದರೆ, ಗ್ಲೈಫೋಸೇಟನ್ನು ಪರವಾನಗಿ ಪಡೆದ ಕೀಟನಿಯಂತ್ರಕರ ಮೂಲಕವೇ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿದ್ದನ್ನು ತಾವು ಬಲ್ಲಿರಿ. ಆ ಅಧಿಸೂಚನೆಯ ಮಾತು ಹಾಗಿರಲಿ, ಬೋಳು ಮಾಡಿದ ಇಳಿಜಾರಿನ ಮಣ್ಣು ಒಂದೇ ಆಷಾಢಕ್ಕೆ ಹಳ್ಳ ಸೇರುವುದನ್ನು ನಾನೇ ಕಂಡಿದ್ದೇನೆ. ಬೇರು ನೆಲದಲ್ಲಿದ್ದು ಮೇಲಿನದು ಮಾತ್ರ ಸವರಿ ಹೋಗಬೇಕು. ಹಾಗಾಗಿ ಯಂತ್ರ ಬೇಕು ಎಂಬುದರಲ್ಲಿ ನನ್ನ ತಕರಾರಿಲ್ಲ. ಯಾವ ಯಂತ್ರ, ಯಾರ ಹೆಸರಿನಲ್ಲಿ ಎಂಬುದೇ ಪ್ರಶ್ನೆ.

ಈ ಹುಲ್ಲು ಯಂತ್ರದ ಹುಟ್ಟನ್ನು ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡಿಂಗ್ ಎಂಬಾತ, ಉಣ್ಣೆ ಬಟ್ಟೆಯ ಗಿರಣಿಯಲ್ಲಿ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಯಂತ್ರ ನೋಡಿ, ಇದೇ ರೀತಿ ಅಂಗಳದ ಹುಲ್ಲನ್ನೂ ಕತ್ತರಿಸಬಹುದಲ್ಲ ಎಂದು ಮೊದಲ ಯಂತ್ರ ಮಾಡಿದ. ಅಂದರೆ ಹಾಸಿದ ಬಟ್ಟೆಯಂಥ ನೆಲಕ್ಕಾಗಿ ಹುಟ್ಟಿದ ಸಾಧನ ಇದು. ಅದರ ಮೇಲೆ ಕುರ್ಚಿ ಬಂತು, ಎಂಜಿನ್ ಬಂತು. ನೆಲ ಮಾತ್ರ ಅದೇ. ಅಮೆರಿಕದ ಮನೆಯಂಗಳ, ಗಾಲ್ಫ್ ಮೈದಾನ, ಕ್ರೀಡಾಂಗಣ. ಅಲ್ಲಿ ಕಲ್ಲಿಲ್ಲ, ಬಸಿಗಾಲುವೆ ಇಲ್ಲ, ಆಕಾಶದಿಂದ ಸೋಗೆ ಬೀಳುವುದಿಲ್ಲ.

ನಮ್ಮ ನೆಲ ಹೇಗಿದೆ? ಮೊದಲು ಇಳಿಜಾರು ನೋಡೋಣ. ಈ ಯಂತ್ರಗಳ ಕೈಪಿಡಿಗಳನ್ನು ತೆರೆದರೆ ಬಹುಪಾಲು ಎಲ್ಲದರಲ್ಲೂ ಒಂದು ಎಚ್ಚರಿಕೆ ಇರುತ್ತದೆ: 15 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಓಡಿಸಬೇಡಿ. ಕೆಲವು 10 ಡಿಗ್ರಿಗೇ ನಿಲ್ಲಿಸಿಬಿಡುತ್ತವೆ. ಡಿಗ್ರಿ ಲೆಕ್ಕ ನಮಗೇಕೆ ಎನ್ನಬೇಡಿ, ಅಳೆಯುವುದು ಸುಲಭ. ಹತ್ತಡಿ ಉದ್ದದ ನೇರವಾದ ಅಡಿಕೆ ದಬ್ಬೆಯೊಂದನ್ನು ತೆಗೆದುಕೊಳ್ಳಿ. ಒಂದು ತುದಿ ಇಳಿಜಾರಿನ ಮೇಲ್ಭಾಗದ ನೆಲಕ್ಕೆ ತಾಗಲಿ, ಇನ್ನೊಂದು ತುದಿಯನ್ನು ಎತ್ತಿ ಹಿಡಿದು, ಗಾರೆಯವರ ರಸಮಟ್ಟ ಇಟ್ಟು ಸಮ ಮಾಡಿ. ಎತ್ತಿದ ತುದಿಯಿಂದ ನೆಲಕ್ಕೆ ಟೇಪು ಬಿಡಿ. 1 ಅಡಿ 9 ಅಂಗುಲ ಬಂದರೆ ಅದು 10 ಡಿಗ್ರಿ. 2 ಅಡಿ 8 ಅಂಗುಲ ಬಂದರೆ 15 ಡಿಗ್ರಿ. ನಾನು ನನ್ನ ಕಾಫಿ ತೋಟದಲ್ಲಿ ಆರು ಕಡೆ ಹಿಡಿದು ನೋಡಿದೆ. ನಾಲ್ಕು ಕಡೆ ಮೂರು ಅಡಿ ದಾಟಿತು. ಇಂಥ ಕಡೆ ಆ ಭಾರದ ಯಂತ್ರ ಮಗುಚಿದರೆ ಕೆಳಗೆ ಸಿಕ್ಕುವುದು ಅದರ ಮೇಲೆ ಕೂತವನೇ. ತಗ್ಗು ಯಂತ್ರವಾದ್ದರಿಂದ ಮಗುಚುವುದಿಲ್ಲ ಎಂದು ಮಾರುವವರು ಹೇಳಬಹುದು. ಹಾಗಾದರೆ ಬೆನ್ನ ಹಿಂದೆ ಕಬ್ಬಿಣದ ಕಮಾನು, ಸೊಂಟಕ್ಕೆ ಪಟ್ಟಿ ಕೊಡುವುದೇಕೆ ಎಂದು ಕೇಳಿ.

ಇನ್ನು ಒದ್ದೆ. ಹುಲ್ಲು ಒಣಗಿದ್ದಾಗ ಮಾತ್ರ ಕತ್ತರಿಸಿ ಎಂದೂ ಅದೇ ಕೈಪಿಡಿಗಳು ಹೇಳುತ್ತವೆ. ಒದ್ದೆ ಹುಲ್ಲಿನ ಮೇಲೆ ಚಕ್ರ ಜಾರುತ್ತದೆ, ಕೊಚ್ಚಿದ್ದು ಬ್ಲೇಡಿನ ಮೇಲಿನ ತಗಡಿಗೆ ಮುದ್ದೆಯಾಗಿ ಮೆತ್ತಿಕೊಳ್ಳುತ್ತದೆ. ನಮ್ಮಲ್ಲಿ ಕಳೆ ಬೆಳೆಯುವುದೇ ಜೂನಿನಿಂದ ಅಕ್ಟೋಬರ್‌ವರೆಗೆ. ಆಗ ಒಣ ಹುಲ್ಲು ಎಲ್ಲಿಂದ ತರೋಣ?

ಮೂರನೆಯದು ಸಾಲು. ಅಡಿಕೆಗೆ 9 ಅಡಿ ಅಂತರ ಕೊಟ್ಟವರಿದ್ದೇವೆ, ಅಜ್ಜಂದಿರ ಕಾಲದ ತೋಟದಲ್ಲಿ ಅಷ್ಟೂ ಇಲ್ಲ. ಯಂತ್ರದ ಅಗಲ ಮೂರೂವರೆಯಿಂದ ಐದು ಅಡಿ. ಲೆಕ್ಕಕ್ಕೆ ಹಿಡಿಯುತ್ತದೆ ನಿಜ. ಆದರೆ ನಡುವೆ ಬಸಿಗಾಲುವೆ ಇದೆಯಲ್ಲ? ಅಡಿಕೆ ಮರದ ಸಂಕದ ಮೇಲೆ ನಾವೇ ಕೈ ಚಾಚಿ ತೂಕ ನೋಡಿಕೊಂಡು ದಾಟುತ್ತೇವೆ, ಅದು ದಾಟೀತೆ? ಕಾಲುವೆ ಮುಚ್ಚಿಬಿಡುತ್ತೇನೆ ಎಂದವರೂ ಒಬ್ಬರಿದ್ದಾರೆ. ಯಂತ್ರಕ್ಕಾಗಿ ಕಾಲುವೆ ಮುಚ್ಚಿ ಬೇರು ಕೊಳೆಸಿಕೊಂಡರೆ ಆಮೇಲೆ ಕೊಚ್ಚಲು ಹುಲ್ಲು ಮಾತ್ರವೇ ಉಳಿದೀತು. ಕಾಫಿಯಲ್ಲಂತೂ ರೆಕ್ಕೆಗಳು ನೆಲಕ್ಕೆ ಬಾಗಿರುತ್ತವೆ, ಮಾತೇ ಬೇಡ.

ಬ್ಲೇಡಿನ ವೇಗದ ಬಗ್ಗೆಯೂ ಒಂದು ಮಾತು. ಅಮೆರಿಕದ ಮಾನದಂಡದ ಪ್ರಕಾರ ಬ್ಲೇಡಿನ ತುದಿ ನಿಮಿಷಕ್ಕೆ 19,000 ಅಡಿ ಮೀರಬಾರದು. ಮೀರಬಾರದೆಂಬ ಆ ಮಿತಿಯೇ ಗಂಟೆಗೆ ಸುಮಾರು 347 ಕಿಲೋಮೀಟರ್ ಆಯಿತು! ಜಂಬಿಟ್ಟಿಗೆ ಕಲ್ಲಿನ ಚೂರೊಂದು ಅದಕ್ಕೆ ಸಿಕ್ಕರೆ ಎಲ್ಲಿಗೆ ಹೋಗಿ ಬಡಿದೀತು ಎಂದು ಯೋಚಿಸಿ. ಹನಿ ನೀರಾವರಿ ಪೈಪು, ಬಿದ್ದ ಹಾಳೆ, ಹಳೆಯ ಪ್ಲಾಸ್ಟಿಕ್ ಹಗ್ಗ ಇವುಗಳ ಗತಿ ಬೇರೆ.

ಹಾಗಾದರೆ ಈ ಯಂತ್ರ ಯಾರಿಗೂ ಬೇಡವೇ? ಹಾಗೆ ಹೇಳಲಾರೆ. ಚನ್ನಗಿರಿ ಕಡೆಯ ಬಯಲು ಸೀಮೆಯ ಅಡಿಕೆ ತೋಟ ನೋಡಿದವರಿಗೆ ಗೊತ್ತು, ನೂಲು ಹಿಡಿದಂತೆ ಸಾಲು, ನೆಲ ಸಪಾಟು. ನಮ್ಮಲ್ಲೂ ಗದ್ದೆ ತುಂಬಿಸಿ ತೋಟ ಮಾಡಿದವರು ಕೆಲವರಿದ್ದಾರೆ. ಅಂಥವರು ಕೊಳ್ಳುವುದೇ ಆದರೆ ಮನೆಬಳಕೆಯ ಹಗುರ ನಮೂನೆಗೆ ಮರುಳಾಗಬಾರದು. ಹೊರಗಿನ ಬಣ್ಣ ಎರಡರದ್ದೂ ಒಂದೇ. ಬಗ್ಗಿ ಕೆಳಗೆ ನೋಡಿ: ಬ್ಲೇಡನ್ನು ಮುಚ್ಚುವ ತಗಡು ಒಂದೇ ತೆಳು ಹಾಳೆಯನ್ನು ಅಚ್ಚಿನಲ್ಲಿ ಒತ್ತಿದ್ದೋ, ದಪ್ಪ ಉಕ್ಕಿನ ತುಂಡುಗಳನ್ನು ಬೆಸೆದದ್ದೋ? ಬ್ಲೇಡಿನ ಗೂಟಕ್ಕೆ ಗ್ರೀಸು ಹಾಕಲು ನಿಪ್ಪಲ್ ಇದೆಯೋ? ಗೇರಿನ ಎಣ್ಣೆ ಬದಲಾಯಿಸಲು ಬರುತ್ತದೋ, ಕಾರ್ಖಾನೆಯಲ್ಲೇ ಮೊಹರು ಮಾಡಿ ಕಳಿಸಿದ್ದಾರೋ? ಕೊನೆಗೆ ಗ್ಯಾರಂಟಿ ಕಾಗದದ ಸಣ್ಣ ಅಕ್ಷರ ಓದಿ. ಮನೆಬಳಕೆಯ ಯಂತ್ರವನ್ನು ಬಾಡಿಗೆಗೋ ವ್ಯವಸಾಯಕ್ಕೋ ಬಳಸಿದರೆ ಗ್ಯಾರಂಟಿ ಮೊಟಕಾಗುತ್ತದೆ ಅಥವಾ ಇಲ್ಲವೇ ಇಲ್ಲ ಎಂದು ಅಲ್ಲಿ ಬರೆದಿರುವುದುಂಟು.

ಆದರೂ ಅಂಥ ಸಪಾಟು ತೋಟದವರಿಗೆ ನನ್ನ ಸಲಹೆ ಬೇರೆ. ಮೂರಡಿ ಅಗಲದ ಮಿನಿ ಟ್ರ್ಯಾಕ್ಟರೂ ಅದರ ಹಿಂದೆ ಕಟ್ಟುವ ಹುಲ್ಲು ಪುಡಿ ಮಾಡುವ ಮಲ್ಚರೂ ಇದ್ದರೆ ಅದೇ ಹಣ ವರ್ಷವಿಡೀ ದುಡಿಯುತ್ತದೆ. ಗೊಬ್ಬರ ಹೇರುತ್ತದೆ, ಕೊನೆ ಸಾಗಿಸುತ್ತದೆ, ಔಷಧಿ ಪಂಪು ನಡೆಸುತ್ತದೆ. ಬಿದ್ದ ಸೋಗೆಯನ್ನೂ ಪುಡಿ ಮಾಡಿ ಬುಡಕ್ಕೆ ಹಾಕುತ್ತದೆ. ಕೂತು ಓಡಿಸುವ ಹುಲ್ಲು ಯಂತ್ರಕ್ಕೆ ಹುಲ್ಲೊಂದೇ ಗೊತ್ತು.

ಇಷ್ಟಾದ ಮೇಲೆ ಲೆಕ್ಕ. ನನ್ನ ಐದು ಎಕರೆಗೆ ವರ್ಷಕ್ಕೆ ಮೂರು ಸಲ ಎಂದರೆ ಹದಿನೈದು ಎಕರೆ ಕೆಲಸ. ಮಾರುವವರ ಮಾತನ್ನೇ ನಂಬಿ ಗಂಟೆಗೆ ಒಂದು ಎಕರೆ ಎಂದಿಟ್ಟುಕೊಂಡರೆ ಯಂತ್ರ ವರ್ಷಕ್ಕೆ 15 ಗಂಟೆ ಓಡುತ್ತದೆ. ಉಳಿದ 8,745 ಗಂಟೆ ಕೊಟ್ಟಿಗೆಯಲ್ಲಿ ನಿಂತಿರುತ್ತದೆ. ವಾಣಿಜ್ಯ ದರ್ಜೆಯ ಎಂಜಿನ್ ಸಾವಿರ ಗಂಟೆಗೂ ಮೀರಿ ದುಡಿಯಲೆಂದೇ ಮಾಡಿದ್ದು. ನನ್ನ ತೋಟದಲ್ಲಿ ಅಷ್ಟು ಓಡಬೇಕಾದರೆ ಸುಮಾರು ಅರವತ್ತೇಳು ವರ್ಷ ಬೇಕು. ಅಷ್ಟರಲ್ಲಿ ನಮ್ಮ ಮಳೆಗಾಲ ಅದನ್ನು ತಿಂದು ಹಾಕಿರುತ್ತದೆ. ಲಕ್ಷಗಟ್ಟಲೆ ಹಣವನ್ನು ತುಕ್ಕಿಗೆ ಬಡ್ಡಿಗೆ ಕೊಟ್ಟಂತೆ.

ನಮ್ಮಂಥವರಿಗೆ ಹೆಗಲಿಗೆ ಹಾಕುವ ಕಳೆ ಮೆಷಿನ್ನೇ ಸರಿ. ಇದರ ನೈಲಾನ್ ದಾರದ ಕಥೆಯೂ ಸ್ವಾರಸ್ಯವಾದದ್ದು. 1971ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್ ಎಂಬಾತ ಕಾರು ತೊಳೆಯುವಲ್ಲಿ ತಿರುಗುವ ಬ್ರಷ್ಷುಗಳನ್ನು ನೋಡಿ, ಮನೆಗೆ ಬಂದು ಒಂದು ತಗಡಿನ ಡಬ್ಬಿಗೆ ತೂತು ಕೊರೆದು ಮೀನಿನ ಗಾಳದ ದಾರ ಸಿಕ್ಕಿಸಿ ತಿರುಗಿಸಿದನಂತೆ. ಅವನಿಗೆ ಬೇಕಿದ್ದದ್ದು ಮರದ ಸುತ್ತಲಿನ ಹುಲ್ಲು ಕತ್ತರಿಸುವುದು. ನಮಗೆ ಬೇಕಿರುವುದೂ ಅದೇ. ಆದರೆ ನಮ್ಮ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿದೆ. ದಾರ ಒಂದು ಸಲ ತಾಗಿದರೆ ಬುಡದ ಸಿಪ್ಪೆ ಸುಲಿಯುತ್ತದೆ. ಆ ಗಾಯದಿಂದಲೇ ಸೊರಗು ರೋಗ ಒಳಗೆ ಹೊಗುತ್ತದೆ. ಮೂರು ವರ್ಷದ ಹಿಂದೆ ಹೊಸಬನೊಬ್ಬನ ಕೈಗೆ ಮೆಷಿನ್ ಕೊಟ್ಟು ನಾನು ಪೇಟೆಗೆ ಹೋಗಿದ್ದೆ. ಮರುವರ್ಷದ ಮಳೆಗಾಲದಲ್ಲಿ ಹನ್ನೊಂದು ಬಳ್ಳಿ ಹೋದವು. ತಪ್ಪು ಅವನದಲ್ಲ. ಬುಡದಿಂದ ಎರಡಡಿ ಕೈಯಲ್ಲೇ ಕೀಳಬೇಕೆಂದು ನಾನು ಹೇಳಿರಲಿಲ್ಲ.

ಅದಕ್ಕೂ ಮೊದಲು ಮಾಡಿದ ತಪ್ಪು ಇನ್ನೊಂದು. ಅಗ್ಗವೆಂದು ಹೆಸರಿಲ್ಲದ ಮೆಷಿನ್ ತಂದಿದ್ದೆ. ಮೊದಲ ಮಳೆಗಾಲ ಚೆನ್ನಾಗಿಯೇ ಓಡಿತು. ಎರಡನೆಯದರಲ್ಲಿ ಕ್ಲಚ್ಚು ಹೋಯಿತು, ಬಿಡಿಭಾಗ ಎಲ್ಲೂ ಸಿಗಲಿಲ್ಲ. ಅದು ಈಗ ನಮ್ಮ ಕೋಳಿಗಳ ಕುರ್ಚಿ. ಆದ್ದರಿಂದ 35 ಸಿಸಿ ಆಸುಪಾಸಿನದನ್ನು, ನಮ್ಮ ತಾಲ್ಲೂಕಿನಲ್ಲೇ ರಿಪೇರಿಯಾಗುವಂಥದನ್ನು ಕೊಳ್ಳಿ. ಫೋರ್ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಎಣ್ಣೆ ಬೆರೆಸುವ ರಗಳೆ ಇಲ್ಲ. ಟೂ ಸ್ಟ್ರೋಕ್ ಆದರೆ ಲೀಟರಿಗೆ 20 ಮಿಲಿ ಎಣ್ಣೆಯೋ 40 ಮಿಲಿಯೋ ಎಂಬುದನ್ನು ಕ್ಯಾನಿನ ಮೇಲೆ ಬರೆದಿಡಿ. ಅಂದಾಜಿನ ಮೇಲೆ ಸುರಿದು ಪಿಸ್ಟನ್ ಕಚ್ಚಿಸಿಕೊಂಡವರು ನಮ್ಮ ಸಂಘದಲ್ಲೇ ಅರ್ಧ ಡಜನ್ ಇದ್ದಾರೆ. ಕಣ್ಣಿಗೆ ಕನ್ನಡಕವಿಲ್ಲದೆ ಯಾರಿಗೂ ಮೆಷಿನ್ ಕೊಡಬೇಡಿ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಒಬ್ಬೊಬ್ಬರೂ ಕೊಳ್ಳುವ ಬದಲು ಸಂಘವೇ ಒಂದು ಮಿನಿ ಟ್ರ್ಯಾಕ್ಟರು, ಒಂದು ಮಲ್ಚರು, ಆರು ಒಳ್ಳೆಯ ಕಳೆ ಮೆಷಿನ್ ಕೊಂಡು, ಪಳಗಿದ ನಾಲ್ವರು ಹುಡುಗರ ಸಮೇತ ಸರದಿಯ ಮೇಲೆ ಬಾಡಿಗೆಗೆ ಕಳಿಸಬೇಕು. ಸರ್ಕಾರವೂ 2014ರಲ್ಲಿ ಕೃಷಿ ಯಂತ್ರಧಾರೆ ಎಂದು ಬಾಡಿಗೆ ಕೇಂದ್ರಗಳನ್ನು ಆರಂಭಿಸಿತು. ಅದರಲ್ಲಿ ಹೆಚ್ಚಿನವು ಉಳುವ, ಬಿತ್ತುವ ಯಂತ್ರಗಳು. ತೋಟದವರ ಅಗತ್ಯ ನಾವೇ ನೋಡಿಕೊಳ್ಳಬೇಕು.

‘ಹಿಂದೆ ಸಂಘ ತಂದ ಔಷಧಿ ಪಂಪಿನ ಗತಿ ಏನಾಯಿತು?’ ಎಂದು ತಾವು ಕೇಳುವುದು ನನಗೆ ಕೇಳಿಸುತ್ತಿದೆ. ಕೇಳಲೇಬೇಕಾದ ಪ್ರಶ್ನೆ. ಎಲ್ಲರೂ ಒಯ್ದರು, ಯಾರೂ ತೊಳೆದಿಡಲಿಲ್ಲ. ಮುರಿದದ್ದು ಯಾರ ಕೈಯಲ್ಲಿ ಎಂದು ಇಂದಿಗೂ ಇತ್ಯರ್ಥವಾಗಿಲ್ಲ. ಆಗ ಆಡಳಿತ ಮಂಡಳಿಯಲ್ಲಿ ನಾನೂ ಇದ್ದೆ, ನನ್ನ ಪಾಲೂ ಇದೆ. ಅದಕ್ಕೇ ಹೇಳುವುದು, ಯಂತ್ರ ಮಾತ್ರ ಕೊಡಬಾರದು, ಆಳು ಸಮೇತ ಕೊಡಬೇಕು. ಆ ಹುಡುಗರಿಗೆ ಮಳೆಗಾಲಕ್ಕಷ್ಟೇ ಅಲ್ಲ, ವರ್ಷವಿಡೀ ಸಂಬಳ ಇರಬೇಕು. ಹಾಗಿದ್ದರೆ ಬೇಸಗೆಯಲ್ಲಿ ಯಂತ್ರ ಬಿಚ್ಚಿ ಗ್ರೀಸು ಹಾಕಲು ಒಬ್ಬನಿರುತ್ತಾನೆ. ಬಾಡಿಗೆ ಸ್ವಲ್ಪ ಹೆಚ್ಚೇ ಆಗಲಿ. ಮಂಡಳಿಯ ಸದಸ್ಯರ ತೋಟಕ್ಕೆ ಮೊದಲ ಸರದಿ ಎಂಬ ಪದ್ಧತಿ ಬೇಡ. ಸರದಿ ಪಟ್ಟಿ ಮಳಿಗೆಯ ಬಾಗಿಲಿಗೆ ಅಂಟಿಸಿರಬೇಕು.

ಈ ವಿಷಯವನ್ನು ಬರುವ ಸರ್ವ ಸದಸ್ಯರ ಸಭೆಯಲ್ಲಿ ಇಡಬೇಕೆಂದು ಕಾರ್ಯದರ್ಶಿಗಳಿಗೆ ಬರೆದುಕೊಟ್ಟಿದ್ದೇನೆ. ನಮ್ಮ ನೆರೆಯ ಮಿತ್ರರೂ ಅಲ್ಲಿಯವರೆಗೆ ಮುಂಗಡ ಕಟ್ಟುವುದಿಲ್ಲ ಎಂದಿದ್ದಾರೆ. ಬರುವಾಗ ತಾವೆಲ್ಲ ದಯವಿಟ್ಟು ಒಂದು ಚೀಟಿ ತನ್ನಿ. ತೋಟ ಎಷ್ಟು ಎಕರೆ, ಸಾಲಿನ ಅಂತರ ಎಷ್ಟು, ಎಷ್ಟು ಸಾಲಿಗೊಂದು ಬಸಿಗಾಲುವೆ, ಮತ್ತು ದಬ್ಬೆ ಹಿಡಿದು ನೋಡಿದಾಗ ಎಷ್ಟು ಅಡಿ ಬಂತು. ರಸಮಟ್ಟ ಇಲ್ಲದವರು ಮಳಿಗೆಗೆ ಬನ್ನಿ, ನನ್ನದನ್ನು ಅಲ್ಲಿ ಕೊಟ್ಟಿರುತ್ತೇನೆ.